ಹಾಕಿಸಿದ್ದಕ್ಕೆಲ್ಲ ಬೆಲೆ ಬರುತ್ತದೆಯೇ? ಹಳೇ ಕಾರು ಮಾರುವವರ, ಕೊಳ್ಳುವವರ ಪ್ರಶ್ನೆಗಳು

ಪ್ರಶ್ನೆ: ನಾಲ್ಕು ವರ್ಷದ ಹಿಂದೆ ಸ್ವಿಫ್ಟ್ ವಿಎಕ್ಸ್‌ಐ ಕೊಂಡೆ. ಟಚ್‌ಸ್ಕ್ರೀನ್, ಹಿಂಬದಿ ಕ್ಯಾಮೆರಾ, 15 ಇಂಚಿನ ಅಲಾಯ್ ಚಕ್ರ, ಸೀಟ್ ಕವರ್, ಕ್ರೋಮ್ ಪಟ್ಟಿ ಎಲ್ಲವನ್ನೂ ಹೊರಗಡೆ ಹಾಕಿಸಿದೆ. 85,000 ರೂಪಾಯಿ ಆಯಿತು. ಈಗ ಮಾರಲು ಹೊರಟರೆ ಅದಕ್ಕೆ ಯಾರೂ ಒಂದು ರೂಪಾಯಿಯನ್ನೂ ಸೇರಿಸುತ್ತಿಲ್ಲ. ಇದು ನ್ಯಾಯವೇ?
— ತುಮಕೂರಿನ ಓದುಗರು

ಉತ್ತರ: ನಿಮಗೆ ಬೇಸರವಾಗುವುದು ಸಹಜ. ಆದರೆ ಅವರು ನಿಮ್ಮನ್ನು ಮೋಸ ಮಾಡುತ್ತಿಲ್ಲ. ಹಳೇ ಕಾರಿಗೆ ಬೆಲೆ ಕಟ್ಟುವವರು ನೋಡುವುದು ಮಾಡೆಲ್, ಕಾರ್ಖಾನೆಯಿಂದ ಬಂದ ವೇರಿಯಂಟ್ (ವಿಎಕ್ಸ್‌ಐ ಥರದ ದರ್ಜೆ), ತಯಾರಾದ ವರ್ಷ, ಓಡಿದ ಕಿಲೋಮೀಟರ್, ಎಷ್ಟನೇ ಮಾಲೀಕರು, ಸರ್ವಿಸ್ ದಾಖಲೆ, ಇನ್ಶೂರೆನ್ಸ್ ಇವುಗಳನ್ನು. ಆಮೇಲೆ ಹಾಕಿಸಿದ ಸಾಮಾನಿಗೆ ಆ ಲೆಕ್ಕದಲ್ಲಿ ಜಾಗವೇ ಇಲ್ಲ. ಎರಡು ಕಾರು ಒಂದೇ ಸ್ಥಿತಿಯಲ್ಲಿದ್ದರೆ ಸ್ಕ್ರೀನ್ ಇರುವುದು ನಾಲ್ಕು ದಿನ ಮೊದಲು ಮಾರಾಟವಾದೀತು, ಅಷ್ಟೇ.

ಇನ್ಶೂರೆನ್ಸ್‌ನಲ್ಲೂ ಹೀಗೆಯೇ. ಕಾರಿನ ಐಡಿವಿಯನ್ನು (ಪಾಲಿಸಿಯಲ್ಲಿ ಕಾರಿಗೆ ಕಟ್ಟುವ ಬೆಲೆ) ಆ ವೇರಿಯಂಟ್‌ನ ಶೋರೂಂ ಬೆಲೆಯಿಂದ ಸವಕಳಿ ಕಳೆದು ಲೆಕ್ಕ ಹಾಕುತ್ತಾರೆ. ಮೂರರಿಂದ ನಾಲ್ಕು ವರ್ಷದ ಗಾಡಿಗೆ ಶೇ 40, ನಾಲ್ಕರಿಂದ ಐದು ವರ್ಷದ್ದಕ್ಕೆ ಶೇ 50 ಕಳೆಯುತ್ತಾರೆ. ಹೊರಗೆ ಹಾಕಿಸಿದ ಎಲೆಕ್ಟ್ರಿಕಲ್ ಸಾಮಾನನ್ನು ಪಾಲಿಸಿಯಲ್ಲಿ ಪ್ರತ್ಯೇಕವಾಗಿ ಬರೆಸಿ, ಅದರ ಬೆಲೆಯ ಸಾಮಾನ್ಯವಾಗಿ ಶೇ 4ರಷ್ಟು ಪ್ರೀಮಿಯಂ ಹೆಚ್ಚುವರಿಯಾಗಿ ಕಟ್ಟಿರಬೇಕು. 25,000 ರೂಪಾಯಿಯ ಸ್ಕ್ರೀನ್‌ಗೆ ವರ್ಷಕ್ಕೆ ಸುಮಾರು 1,000 ರೂಪಾಯಿ. ಬರೆಸದಿದ್ದರೆ ಅಪಘಾತವಾದಾಗ ಆ ಸ್ಕ್ರೀನ್‌ಗೆ ಪರಿಹಾರ ಸಿಗುವುದಿಲ್ಲ.

ಹಣ ಸ್ವಲ್ಪವಾದರೂ ವಾಪಸ್ ಬರಬೇಕೆಂದರೆ ಸಾಮಾನು ಬಿಚ್ಚಿ ಬೇರೆಯಾಗಿ ಮಾರಿ. ಮೊದಲು ಅಲಾಯ್. ನಿಮ್ಮ ಕಾರಿಗೆ ಬಂದ ಟೈರು 165/80 ಆರ್14. ಟಾಪ್ ಮಾಡೆಲ್‌ಗೆ ಬರುವುದು 185/65 ಆರ್15. ಇವೆರಡರ ಒಟ್ಟು ವ್ಯಾಸದಲ್ಲಿ ವ್ಯತ್ಯಾಸ ಎರಡೇ ಮಿಲಿಮೀಟರ್. ಹಾಗಾಗಿ ಆ ಅಳತೆಯ ಟೈರ್ ಹಾಕಿಸಿದ್ದರೆ ಸ್ಪೀಡೋಮೀಟರ್ ತಪ್ಪು ತೋರಿಸುವುದಿಲ್ಲ, ಸೆಟ್‌ಗೆ ಗಿರಾಕಿಯೂ ಸಿಗುತ್ತಾರೆ. ಹಳೆಯ ಸ್ಟೀಲ್ ರಿಮ್ ನಾಲ್ಕೂ ಅಟ್ಟದ ಮೇಲೆ ಇದ್ದರೆ ನೀವು ಪುಣ್ಯವಂತರು. ಅದರ ನಟ್‌ಗಳನ್ನೂ ಹುಡುಕಿಟ್ಟುಕೊಳ್ಳಿ. ಅಲಾಯ್‌ನ ನಟ್ ಕೂರುವ ಕೋನ ಸ್ಟೀಲ್ ರಿಮ್‌ಗೆ ಹೊಂದದಿರಬಹುದು, ಹೊಂದದ ನಟ್ ಓಡುತ್ತ ಓಡುತ್ತ ಸಡಿಲವಾಗುತ್ತದೆ. 80 ಕಿಲೋಮೀಟರ್ ವೇಗದಲ್ಲಿ ಸ್ಟೀರಿಂಗ್ ನಡುಗುತ್ತಿದೆಯೇ? ಅಲಾಯ್‌ನ ನಡುವಿನ ತೂತು ಹಬ್‌ಗಿಂತ (ಚಕ್ರ ಕೂರುವ ನಡುಭಾಗ) ದೊಡ್ಡದಾಗಿದ್ದು, ಆ ಸಂದು ತುಂಬುವ ಹಬ್ ರಿಂಗ್ ಹಾಕಿರಲಾರರು. ಕಾರು ನೋಡಲು ಬಂದವರು ಅದನ್ನು ಸಸ್ಪೆನ್ಶನ್ ದೋಷವೆಂದೇ ತಿಳಿದು ಬೆಲೆ ಇಳಿಸುತ್ತಾರೆ.

ಸ್ಕ್ರೀನ್‌ನ ವಿಷಯ ವೈರಿಂಗ್ ನೋಡಿ ತೀರ್ಮಾನಿಸಬೇಕು. ಕಪ್ಲರ್‌ಗೆ (ವೈರ್ ಜೋಡಿಸುವ ಪ್ಲಗ್) ಕಪ್ಲರ್ ಸೇರಿಸಿ ಕೂರಿಸಿದ್ದರೆ ಒಂದು ಗಂಟೆಯಲ್ಲಿ ಬಿಚ್ಚಿ ಕಂಪನಿಯ ಸ್ಟೀರಿಯೊ ಮತ್ತೆ ಹಾಕಬಹುದು. ವೈರ್ ಕತ್ತರಿಸಿ ಟೇಪ್ ಸುತ್ತಿದ್ದರೆ ಬಿಚ್ಚಲು ಹೋಗಬೇಡಿ, ಆದರೆ ನಿಂತ ಕಾರಿನಲ್ಲಿ ಬ್ಯಾಟರಿಯ ಕರೆಂಟ್ ಸೋರುತ್ತಿದೆಯೇ ಎಂದು ತಪ್ಪದೆ ಪರೀಕ್ಷಿಸಿ. ಎಲ್ಲ ಆಫ್ ಮಾಡಿ ಲಾಕ್ ಮಾಡಿ, ಅರ್ಧ ಗಂಟೆ ಬಿಟ್ಟು ಬ್ಯಾಟರಿಯ ನೆಗೆಟಿವ್ ಕಡೆ ಮಲ್ಟಿಮೀಟರನ್ನು ಸರಣಿಯಲ್ಲಿ ಸೇರಿಸಿ. 50 ಮಿಲಿಆಂಪಿಯರ್‌ಗಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ. 200–300 ತೋರಿಸಿದರೆ ಸ್ಕ್ರೀನ್ ಇಲ್ಲವೇ ಕ್ಯಾಮೆರಾಗೆ ಕರೆಂಟ್ ಎಳೆದ ಜಾಗ ತಪ್ಪಾಗಿದೆ. ವಾರ ನಿಲ್ಲಿಸಿದರೆ ಸ್ಟಾರ್ಟ್ ಆಗದ ಕಾರಿಗೆ ಒಳ್ಳೆಯ ಬೆಲೆ ಯಾರು ಕೊಡುತ್ತಾರೆ?

ಸೀಟ್ ಕವರ್, ಕ್ರೋಮ್, ಟೆಫ್ಲಾನ್ ಕೋಟಿಂಗ್ ಇವನ್ನು ಲೆಕ್ಕದಿಂದ ಬಿಟ್ಟುಬಿಡಿ.

ಪ್ರಶ್ನೆ: 2016ರ ಎರಡು ಸ್ವಿಫ್ಟ್ ನೋಡಿದ್ದೇವೆ. ಒಂದು ವಿಎಕ್ಸ್‌ಐ, ಇನ್ನೊಂದು ವಿಎಕ್ಸ್‌ಐ ಮುಂದೆ ಆವರಣದಲ್ಲಿ ‘ಒ’ ಎಂದಿದೆ. ಎರಡನೆಯದಕ್ಕೆ 25,000 ಹೆಚ್ಚು ಹೇಳುತ್ತಿದ್ದಾರೆ. ಒಂದಕ್ಷರಕ್ಕೆ ಅಷ್ಟು ಕೊಡಬೇಕೇ?
— ದಾವಣಗೆರೆಯ ಓದುಗರು

ಉತ್ತರ: ಕೊಡಿ. ಆ ‘ಒ’ ಎಂದರೆ ಆಪ್ಷನ್. ಏರ್‌ಬ್ಯಾಗ್, ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾಗುವ ಮುಂಚೆ ಹೆಚ್ಚು ಹಣ ಕೊಟ್ಟವರಿಗೆ ಮಾತ್ರ ಅವು ಬರುತ್ತಿದ್ದ ಕಾಲದ ಗುರುತು ಅದು. ಎಲ್ಲ ಹೊಸ ಕಾರಿಗೂ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ, ಚಾಲಕರ ಏರ್‌ಬ್ಯಾಗ್ ಅದೇ ವರ್ಷ ಜುಲೈ 1ರಿಂದ. ಅದಕ್ಕಿಂತ ಹಳೆಯ ಗಾಡಿಯಲ್ಲಿ ಇವು ಇವೆಯೋ ಇಲ್ಲವೋ ಎಂದು ಕೇಳಿಯೇ ತಿಳಿಯಬೇಕು. ಹಳೇ ಕಾರಿನಲ್ಲಿ ಹೆಚ್ಚುವರಿ ಹಣಕ್ಕೆ ನಿಜವಾಗಿ ತಕ್ಕದ್ದು ಯಾವುದೆಂದರೆ ಇದೇ, ಏಕೆಂದರೆ ಆಮೇಲೆ ಹಾಕಿಸಲು ಬರುವುದಿಲ್ಲ. ಸೆನ್ಸರ್, ಕಂಟ್ರೋಲ್ ಯೂನಿಟ್, ಸ್ಟೀರಿಂಗ್, ಡ್ಯಾಶ್‌ಬೋರ್ಡ್, ಸೀಟ್ ಬೆಲ್ಟ್ ಎಲ್ಲವೂ ಒಂದಕ್ಕೊಂದು ಹೊಂದಿಸಿ ತಯಾರಾದವು.

ಆದರೆ ಹಿಂಬದಿಯ ಅಕ್ಷರ ನಂಬಬೇಡಿ. ಅದು ಅಂಗಡಿಯಲ್ಲಿ ಸಿಗುವ ಸ್ಟಿಕರ್. ಆರ್‌ಸಿಯಲ್ಲಿ ಮಾಡೆಲ್ ಎದುರು ಏನಿದೆ ಓದಿ. ಅಲ್ಲಿ ಸ್ಪಷ್ಟವಿಲ್ಲದಿದ್ದರೆ ಚಾಸಿಸ್ ನಂಬರ್ ಕೊಟ್ಟು ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ವಿಚಾರಿಸಿ. ಬಳಿಕ ಕೀ ತಿರುಗಿಸಿ, ಎಂಜಿನ್ ಸ್ಟಾರ್ಟ್ ಮಾಡದೆ ಮೀಟರ್ ನೋಡಿ. ಏರ್‌ಬ್ಯಾಗ್ ದೀಪ, ಎಬಿಎಸ್ ದೀಪ ಎರಡೂ ಹೊತ್ತಿ ಕೆಲವೇ ಸೆಕೆಂಡಿನಲ್ಲಿ ಆರಬೇಕು. ಹೊತ್ತಿಯೇ ಇದ್ದರೆ ದೋಷವಿದೆ. ಹೊತ್ತಲೇ ಇಲ್ಲವೆಂದರೆ ಇನ್ನೂ ಎಚ್ಚರ: ಅಪಘಾತದಲ್ಲಿ ಏರ್‌ಬ್ಯಾಗ್ ಸಿಡಿದು, ಹೊಸದು ಹಾಕಿಸದೆ ಮುಚ್ಚಳ ಮಾತ್ರ ಮುಚ್ಚಿ ದೀಪದ ಸಂಪರ್ಕ ತಪ್ಪಿಸಿರಬಹುದು. ಅಂಥ ಕಾರನ್ನು ಕಡಿಮೆಗೆ ಕೊಟ್ಟರೂ ಬೇಡ.

ಸೀಟಿನ ಬದಿಯಲ್ಲಿ ಏರ್‌ಬ್ಯಾಗ್ ಎಂಬ ಚೀಟಿ ಹೊಲಿದಿರುವ ಕಾರುಗಳಿಗೂ ಒಂದು ಮಾತು. ಅವಕ್ಕೆ ಮಾಮೂಲಿ ಸೀಟ್ ಕವರ್ ಹಾಕಿದರೆ ಬ್ಯಾಗ್ ಹೊರಬರುವ ದಾರಿಯೇ ಕಟ್ಟಿಹೋಗುತ್ತದೆ. ಕೊಂಡ ದಿನವೇ ಕಿತ್ತುಹಾಕಿ.

ಪ್ರಶ್ನೆ: ಹೊಸ ಕಾರು ಕೊಳ್ಳುತ್ತಿದ್ದೇವೆ. ಸನ್‌ರೂಫ್ ಇಲ್ಲದ್ದು ಶೋರೂಂ ಬೆಲೆ 9.80 ಲಕ್ಷ, ಇರುವುದು 10.40 ಲಕ್ಷ. ಐದು ವರ್ಷ ಬಿಟ್ಟು ಮಾರುವಾಗ ಆ 60,000 ವಾಪಸ್ ಬರುತ್ತದೆಯೇ?
— ಬೆಂಗಳೂರಿನ ಓದುಗರು

ಉತ್ತರ: ವ್ಯತ್ಯಾಸ 60,000 ಅಲ್ಲ, ಸುಮಾರು ಒಂದು ಲಕ್ಷ. ಕರ್ನಾಟಕದಲ್ಲಿ ಕಾರಿನ ಜೀವಾವಧಿ ತೆರಿಗೆ 5ರಿಂದ 10 ಲಕ್ಷದವರೆಗೆ ಶೇ 14, ಹತ್ತು ದಾಟಿದರೆ ಶೇ 17. ಅದೂ ಹತ್ತು ಲಕ್ಷದ ಮೇಲಿನ ಭಾಗಕ್ಕಲ್ಲ, ಪೂರ್ತಿ ಬೆಲೆಗೆ. ಮೊದಲನೆಯದಕ್ಕೆ ತೆರಿಗೆ 1,37,200, ಎರಡನೆಯದಕ್ಕೆ 1,76,800 ರೂಪಾಯಿ. ಸೆಸ್ ಬೇರೆ. ಹೆಚ್ಚು ಕಟ್ಟಿದ ಸುಮಾರು 40,000 ತೆರಿಗೆಯನ್ನು ಮುಂದೆ ಕೊಳ್ಳುವವರು ಕೊಡುವುದಿಲ್ಲ.

ಉಳಿದ 60,000ಕ್ಕೆ ಐಡಿವಿ ಲೆಕ್ಕದಲ್ಲೇ ಐದನೇ ವರ್ಷ 30,000 ಉಳಿಯುತ್ತದೆ. ಕಂಪನಿಯಿಂದಲೇ ಬಂದ ಸನ್‌ರೂಫ್ ಆದ್ದರಿಂದ ಮಾರುಕಟ್ಟೆಯಲ್ಲೂ ಒಂದಿಷ್ಟು ಸಿಗುತ್ತದೆ. ಆದರೆ ಅದು ಒಣಗಿರಬೇಕು. ಸನ್‌ರೂಫ್ ಚೌಕಟ್ಟಿನ ಮೂಲೆಗಳಿಂದ ಕಂಬಗಳೊಳಗೆ ಇಳಿಯುವ ಸಣ್ಣ ಕೊಳವೆಗಳು ಮಳೆನೀರನ್ನು ಹೊರಹಾಕುತ್ತವೆ. ಮಳೆಮರದ ಕೆಳಗೆ ನಿಲ್ಲಿಸುವ ಕಾರಿನಲ್ಲಿ ಎಲೆ, ಹೂವಿನ ಎಸಳು ಕೊಳೆತು ಅವು ಕಟ್ಟಿಕೊಳ್ಳುತ್ತವೆ. ನೀರು ಛಾವಣಿಯ ಒಳಬಟ್ಟೆಗೆ ಇಳಿದು ಕಾರ್ಪೆಟ್ ಅಡಿಯ ವೈರಿಂಗ್‌ವರೆಗೆ ಹೋಗುತ್ತದೆ. ಮೇ ತಿಂಗಳಲ್ಲಿ, ಮಳೆಗೆ ಮುಂಚೆ, ಅರ್ಧ ಲೋಟ ನೀರನ್ನು ಮೂಲೆಗೆ ನಿಧಾನವಾಗಿ ಹಾಕಿ. ಚಕ್ರದ ಬಳಿ ತೊಟ್ಟಿಕ್ಕಬೇಕು. ತೊಟ್ಟಿಕ್ಕದಿದ್ದರೆ ಜೋರಾಗಿ ಗಾಳಿ ಹೊಡೆಯಬೇಡಿ, ಕೊಳವೆಯ ಜೋಡಣೆ ಒಳಗೇ ಕಳಚಿಕೊಳ್ಳುತ್ತದೆ. ತೆಳು ನೈಲಾನ್ ದಾರವನ್ನು ನಿಧಾನಕ್ಕೆ ತೂರಿಸಿ.

ಹೊರಗಡೆ ಛಾವಣಿ ಕೊರೆದು ಸನ್‌ರೂಫ್ ಕೂರಿಸುವ ಯೋಚನೆ ಮಾತ್ರ ಬೇಡವೇ ಬೇಡ. ವಾಹನದ ಮೂಲ ರಚನೆ ಬದಲಾಯಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ.

ಪ್ರಶ್ನೆ: ಪೆಟ್ರೋಲ್ ಕಾರಿಗೆ ಹೊರಗಡೆ ಸಿಎನ್‌ಜಿ ಕಿಟ್ ಹಾಕಿಸಿದ್ದೇನೆ. ಮಾರುವಾಗ ಲಾಭವೋ ನಷ್ಟವೋ?
— ಹುಬ್ಬಳ್ಳಿಯ ಓದುಗರು

ಉತ್ತರ: ಕಾಗದ ಸರಿಯಿದ್ದರೆ ದಿನಾ ದೂರ ಓಡಿಸುವ ಗಿರಾಕಿಗೆ ಲಾಭ, ಮಿಕ್ಕವರಿಗೆ ಡಿಕ್ಕಿಯ ಜಾಗ ಹೋಯಿತೆಂಬ ಬೇಸರ. ಕಾಗದ ಸರಿಯಿಲ್ಲದಿದ್ದರೆ ನಷ್ಟವೇ. ಆರ್‌ಸಿಯಲ್ಲಿ ಇಂಧನದ ಎದುರು ‘ಪೆಟ್ರೋಲ್/ಸಿಎನ್‌ಜಿ’ ಎಂದು ಆರ್‌ಟಿಒದಲ್ಲಿ ಬರೆಸಿರಬೇಕು, ಪಾಲಿಸಿಯಲ್ಲೂ ನಮೂದಾಗಿರಬೇಕು, ಸಿಲಿಂಡರ್‌ನ ಹೈಡ್ರೋ ಟೆಸ್ಟ್ (ನೀರಿನ ಒತ್ತಡದ ಪರೀಕ್ಷೆ) ಮೂರು ವರ್ಷಕ್ಕೊಮ್ಮೆ ಆಗಿರಬೇಕು. ಸಿಲಿಂಡರ್ ಮೇಲಿನ ಲೋಹದ ಪಟ್ಟಿಯಲ್ಲಿ ದಿನಾಂಕ ಇರುತ್ತದೆ. ಮಾರುವ ಮುಂಚೆ ಕಿಟ್ ಬಿಚ್ಚಿಸುವುದಾದರೆ ಆರ್‌ಸಿಯಲ್ಲೂ ತೆಗೆಸಿ. ಇಲ್ಲದಿದ್ದರೆ ಹೆಸರು ವರ್ಗಾವಣೆಯ ಹೊತ್ತಿಗೆ ಕೊಂಡವರು ಸಿಕ್ಕಿಕೊಳ್ಳುತ್ತಾರೆ.

ಪ್ರಶ್ನೆ: ಮುಂದೆ ಕಬ್ಬಿಣದ ಬಂಪರ್ ಗಾರ್ಡ್, ಹೆಡ್‌ಲೈಟ್‌ಗೆ 100/90 ವಾಟ್ ಬಲ್ಬ್ ಇದೆ. ಹಾಗೆಯೇ ಮಾರಬಹುದೇ?
— ಮಡಿಕೇರಿಯ ಓದುಗರು

ಉತ್ತರ: ಎರಡನ್ನೂ ತೆಗೆದು ಮಾರಿ. ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ಗಾರ್ಡ್ ವಿರುದ್ಧ ಕ್ರಮಕ್ಕೆ ರಾಜ್ಯಗಳಿಗೆ ಸೂಚಿಸಿದೆ. ಗಾರ್ಡ್ ಚಾಸಿಸ್ ತುದಿಗೆ ಬೋಲ್ಟ್ ಆಗಿರುವುದರಿಂದ ಸಣ್ಣ ಡಿಕ್ಕಿಯ ಪೆಟ್ಟೂ ನೇರ ಚಾಸಿಸ್‌ಗೆ ಹೋಗುತ್ತದೆ. ಏರ್‌ಬ್ಯಾಗ್ ಸೆನ್ಸರ್‌ನ ಲೆಕ್ಕವೂ ತಪ್ಪಬಹುದು. ಬಿಚ್ಚಿದ ಮೇಲೆ ಬೋಲ್ಟ್ ತೂತಿನ ಸುತ್ತ ತುಕ್ಕು ಕೆರೆದು ಪ್ರೈಮರ್ ಹಚ್ಚಿಸಿ, ಕೊಡಗಿನ ಮಳೆಗೆ ಅದು ಅಲ್ಲಿಂದಲೇ ಹರಡುತ್ತದೆ. ಬಲ್ಬ್ ಜಾಗಕ್ಕೆ ಕಂಪನಿಯ 60/55 ವಾಟ್ ಎಚ್4 ಹಾಕುವಾಗ ಕಪ್ಲರ್ ಎಳೆದು ನೋಡಿ. ರಿಲೇ (ಬ್ಯಾಟರಿಯಿಂದ ನೇರವಾಗಿ ಕರೆಂಟ್ ಕೊಡುವ ಸ್ವಿಚ್) ಇಲ್ಲದೆ ದೊಡ್ಡ ಬಲ್ಬ್ ಓಡಿಸಿದ್ದರೆ ಪ್ಲಾಸ್ಟಿಕ್ ಕಂದಾಗಿ ಕರಗಿರುತ್ತದೆ. ಅದನ್ನೂ ಬದಲಾಯಿಸಿಯೇ ಗಾಡಿ ತೋರಿಸಿ.