ಸಾಬೂನು, ಬಿಸ್ಕತ್ತು ಕಂಪನಿಗಳ ಮೀಸಲು ಹಣವನ್ನು ನಂಬಿ ಷೇರು ಕೊಳ್ಳಬಹುದೇ?

ಸಿಂಧನೂರಿನಿಂದ ನೀವು ಕೇಳಿರುವುದು ಇಷ್ಟು: ಹಿಂದೂಸ್ತಾನ್ ಯೂನಿಲಿವರ್, ನೆಸ್ಲೆ, ಬ್ರಿಟಾನಿಯಾದಂಥ ಕಂಪನಿಗಳು ಕಷ್ಟಕಾಲಕ್ಕೆಂದು ಸಾವಿರಾರು ಕೋಟಿ ಮೀಸಲು ಇಟ್ಟುಕೊಂಡಿವೆಯಲ್ಲ, ಅದನ್ನು ನಂಬಿ ಭತ್ತ ಮಾರಿದ ಹಣದಲ್ಲಿ ಒಂದು ಪಾಲನ್ನು ಅವುಗಳ ಷೇರಿಗೆ ಹಾಕಬಹುದೇ? ನಾನು ಗಂಗಾವತಿಯಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತೇನೆ. ಅಕ್ಕಿ ಗಿರಣಿಗಳ ಜೊತೆಗೆ ದಿನಬಳಕೆ ಸಾಮಾನುಗಳ ವಿತರಕರ ಪುಸ್ತಕಗಳೂ ನನ್ನ ಮೇಜಿಗೆ ಬರುವುದರಿಂದ, ಈ ವ್ಯವಹಾರವನ್ನು ಕೆಳಗಿನ ತುದಿಯಿಂದಲೂ ಕಂಡಿದ್ದೇನೆ.

ಬ್ಯಾಲೆನ್ಸ್ ಶೀಟಿನಲ್ಲಿ, ಎಂದರೆ ಕಂಪನಿಯ ಆಸ್ತಿ-ಹೊಣೆಗಳ ಪಟ್ಟಿಯಲ್ಲಿ, ನೀವು ನೋಡಿದ ಮೀಸಲು ತಿಜೋರಿಯಲ್ಲಿರುವ ಹಣವಲ್ಲ. ಷೇರುದಾರರ ಪಾಲಿಗೆ ಸೇರಬೇಕಾದ ಮೊತ್ತ ಇಷ್ಟು ಎಂದು ಹೊಣೆಯ ಬದಿಯಲ್ಲಿ ತೋರಿಸುವ ಲೆಕ್ಕ ಅದು. ಆ ಮೊತ್ತ ಯಂತ್ರವಾಗಿದೆಯೋ, ಗೋದಾಮಿನ ಸರಕಾಗಿದೆಯೋ, ಬ್ರ್ಯಾಂಡಿನ ಬೆಲೆಯಾಗಿದೆಯೋ ಎಂಬುದನ್ನು ಆಸ್ತಿಯ ಬದಿಯಲ್ಲಿ ಹುಡುಕಬೇಕು. ಹಿಂದೂಸ್ತಾನ್ ಯೂನಿಲಿವರ್ ಇದಕ್ಕೆ ಒಳ್ಳೆಯ ಉದಾಹರಣೆ. 2020ರ ಮಾರ್ಚ್ ಕೊನೆಗೆ ಅದರ ನಿವ್ವಳ ಸಂಪತ್ತು (ಷೇರು ಬಂಡವಾಳ ಮತ್ತು ಮೀಸಲು ಸೇರಿದ ಮೊತ್ತ) ಸುಮಾರು 8 ಸಾವಿರ ಕೋಟಿ ರೂಪಾಯಿ ಇತ್ತು, ಮರುವರ್ಷ 47 ಸಾವಿರ ಕೋಟಿ ದಾಟಿತು. ಹಾರ್ಲಿಕ್ಸ್, ಬೂಸ್ಟ್ ಮಾಡುತ್ತಿದ್ದ ಗ್ಲ್ಯಾಕ್ಸೊ ಸ್ಮಿತ್‌ಕ್ಲೈನ್ ಕನ್ಸ್ಯೂಮರ್ ಕಂಪನಿಯನ್ನು 2020ರ ಏಪ್ರಿಲ್‌ನಲ್ಲಿ ವಿಲೀನ ಮಾಡಿಕೊಂಡು, ಅದರ ಷೇರುದಾರರಿಗೆ ಹೊಸ ಷೇರು ಕೊಟ್ಟದ್ದೇ ಈ ಜಿಗಿತಕ್ಕೆ ಕಾರಣ. ಹೆಚ್ಚಾದ ಮೊತ್ತದ ಬಹುಪಾಲು ಗುಡ್‌ವಿಲ್ (ಕೊಂಡ ಕಂಪನಿಯ ಆಸ್ತಿಯ ಬೆಲೆಗಿಂತ ಹೆಚ್ಚಾಗಿ ಕೊಟ್ಟ ಮೊತ್ತ) ಮತ್ತು ಬ್ರ್ಯಾಂಡುಗಳ ರೂಪದಲ್ಲಿದೆ. ಅದರಿಂದ ಒಂದು ತಿಂಗಳ ಸಂಬಳವನ್ನೂ ಕೊಡಲಾಗದು.

ನಿಜವಾದ ನಗದನ್ನು ನೋಡಬೇಕಾದರೆ ಮೂರು ಸಾಲುಗಳನ್ನು ಒಟ್ಟಿಗೆ ಓದಿ: ನಗದು ಮತ್ತು ನಗದಿಗೆ ಸಮಾನವಾದವು, ಇತರ ಬ್ಯಾಂಕ್ ಶಿಲ್ಕು, ಚಾಲ್ತಿ ಹೂಡಿಕೆಗಳು. ಮೊದಲ ಸಾಲನ್ನಷ್ಟೇ ನೋಡಿದವರಿಗೆ ಕಂಪನಿ ಬಡವಾಗಿ ಕಾಣುತ್ತದೆ, ಏಕೆಂದರೆ ಇವರ ಹಣ ಹೆಚ್ಚಾಗಿ ಬೇಗ ನಗದಾಗಿಸಬಹುದಾದ ಲಿಕ್ವಿಡ್ ಮ್ಯೂಚುವಲ್ ಫಂಡು, ಸರ್ಕಾರಿ ಸಾಲಪತ್ರಗಳಲ್ಲಿರುತ್ತದೆ. ಎರಡನೇ ಸಾಲಿನಲ್ಲಿ ಷೇರುದಾರರು ಇನ್ನೂ ಪಡೆಯದ ಡಿವಿಡೆಂಡ್ ಕೂಡ ಸೇರಿರುತ್ತದೆ. ಅದನ್ನು ಕಂಪನಿ ಮುಟ್ಟುವಂತಿಲ್ಲ.

ಇನ್ನು, ಈ ನಗದು ಎಲ್ಲಿಂದ ಹುಟ್ಟುತ್ತದೆ ಎಂಬುದು ನನಗೆ ಮೀಸಲಿಗಿಂತ ಮುಖ್ಯವಾಗಿ ಕಾಣುತ್ತದೆ. ನಾನು ಪುಸ್ತಕ ನೋಡುವ ಒಬ್ಬ ವಿತರಕರು ಆರ್ಡರ್ ಹಾಕಿದರೆ, ಲಾರಿ ಗೋದಾಮಿಗೆ ಬರುವ ಮೊದಲೇ ಅವರ ಬ್ಯಾಂಕ್ ಖಾತೆಯಿಂದ ಬಿಲ್ಲಿನ ಮೊತ್ತ ಕಡಿತವಾಗುತ್ತದೆ. ಅದೇ ಸರಕನ್ನು ಅವರು ಕಾರಟಗಿ, ಕನಕಗಿರಿಯ ಕಿರಾಣಿ ಅಂಗಡಿಗಳಿಗೆ ವಾರ, ಹದಿನೈದು ದಿನದ ಉದ್ರಿಯ ಮೇಲೆ ಕೊಡುತ್ತಾರೆ, ಅಂಗಡಿಯವರು ರೈತರಿಗೆ ರಾಶಿ ಆಗುವವರೆಗೆ ಕೊಡುತ್ತಾರೆ. ಮೇಲ್ಗಡೆ ಕಂಪನಿಯು ತನಗೆ ಪ್ಯಾಕಿಂಗ್ ಸಾಮಗ್ರಿ, ಎಣ್ಣೆ, ಹಿಟ್ಟು ಪೂರೈಸುವವರಿಗೆ ಹಣ ಕೊಡುವುದು ವಾರಗಳ ಬಳಿಕ. ಹೀಗೆ ಮಾರಾಟದ ಹಣ ಮೊದಲು ಬಂದು ಖರೀದಿಯ ಹಣ ಆಮೇಲೆ ಹೋಗುವುದರಿಂದ, ದೊಡ್ಡ ಕಂಪನಿಗಳ ದುಡಿಯುವ ಬಂಡವಾಳ (ದಿನದ ವ್ಯಾಪಾರ ನಡೆಸಲು ತೊಡಗಿಸುವ ಹಣ) ಋಣಾತ್ಮಕವಾಗಿರುವುದುಂಟು. ಎಂದರೆ ವ್ಯಾಪಾರ ನಡೆಯುತ್ತಿರುವುದು ಬೇರೆಯವರ ದುಡ್ಡಿನಲ್ಲಿ. 2023ರ ಬರದಲ್ಲಿ ತುಂಗಭದ್ರಾ ಜಲಾಶಯ ತುಂಬದೆ ಎರಡನೇ ಬೆಳೆಗೆ ನೀರು ಸಿಗದಿದ್ದಾಗ ಇಲ್ಲಿ ಉದ್ರಿ ಬೆಳೆದದ್ದು ಅಂಗಡಿಯವರ ಖಾತೆ ಪುಸ್ತಕದಲ್ಲಿ, ವಿತರಕರ ಓವರ್‌ಡ್ರಾಫ್ಟಿನಲ್ಲಿ. ಮುಂಗಡ ಪಡೆದ ಕಂಪನಿಗೆ ಬರಬೇಕಾದ ಬಾಕಿ ಎಂಬ ಸಾಲು ಅಲುಗುವುದೇ ಇಲ್ಲ. ಇದನ್ನು ನಾನು ಮೆಚ್ಚಿ ಹೇಳುತ್ತಿಲ್ಲ, ಆದರೆ ಹೂಡಿಕೆದಾರರು ಇಷ್ಟಪಡುವ 'ಶುದ್ಧ ಬ್ಯಾಲೆನ್ಸ್ ಶೀಟ್' ಅರ್ಧದಷ್ಟು ಹೀಗೆಯೇ ಸಿದ್ಧವಾಗುತ್ತದೆ.

ಈ ನಗದು ಹರಿವಿನ ಬಲ 2015ರಲ್ಲಿ ಪರೀಕ್ಷೆಗೆ ಬಿತ್ತು. ಆ ಜೂನ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಮ್ಯಾಗಿಯನ್ನು ಮಾರುಕಟ್ಟೆಯಿಂದ ಹಿಂದೆಗೆಸಿತು. ನೆಸ್ಲೆ ಇಂಡಿಯಾ ಏಪ್ರಿಲ್–ಜೂನ್ ತ್ರೈಮಾಸಿಕದಲ್ಲಿ 64.4 ಕೋಟಿ ರೂಪಾಯಿ ನಷ್ಟ ತೋರಿಸಿತು. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು, ನವೆಂಬರ್‌ನಲ್ಲಿ ಮ್ಯಾಗಿ ಅಂಗಡಿಗೆ ಮರಳಿತು. ಇಷ್ಟಾದರೂ ಆ ಇಡೀ ವರ್ಷಕ್ಕೆ 500 ಕೋಟಿಗೂ ಮೀರಿದ ಲಾಭವೇ ಉಳಿಯಿತು, ಏಕೆಂದರೆ ಹಾಲಿನ ಉತ್ಪನ್ನ, ಕಾಫಿ, ಚಾಕೊಲೇಟುಗಳಿಂದ ಹಣ ಬರುತ್ತಲೇ ಇತ್ತು.

ಆದ್ದರಿಂದ ವಾರ್ಷಿಕ ವರದಿ ಕೈಗೆ ಸಿಕ್ಕರೆ ಮೊದಲು ನಗದು ಹರಿವಿನ ಪಟ್ಟಿ ತೆರೆಯಿರಿ. ಕಾರ್ಯಾಚರಣೆಯಿಂದ ಬಂದ ನಗದು ಐದಾರು ವರ್ಷಗಳಲ್ಲಿ ನಿವ್ವಳ ಲಾಭದ ಹತ್ತಿರವೋ ಅದಕ್ಕಿಂತ ಹೆಚ್ಚೋ ಇದ್ದರೆ ಲಾಭ ಕಾಗದದ ಮೇಲಿನದಲ್ಲ. ಮಾರಾಟ ಬೆಳೆದಿದ್ದರೆ, ಬೆಲೆ ಏರಿಸಿದ್ದರಿಂದಲೋ ಹೆಚ್ಚು ಸರಕು ಖರ್ಚಾದದ್ದರಿಂದಲೋ ಎಂದು ಕೇಳಿ. ತಾಳೆ ಎಣ್ಣೆ ದುಬಾರಿಯಾದಾಗ ಸಾಬೂನಿನ ದರ ಏರಿ ಮೊತ್ತ ಹಿಗ್ಗುತ್ತದೆ, ಸರಕಿನ ಪ್ರಮಾಣ ನಿಂತಲ್ಲೇ ಇರುತ್ತದೆ. ಈ ಕಂಪನಿಗಳು ಲಾಭದ ಬಹುಭಾಗವನ್ನು ಡಿವಿಡೆಂಡಾಗಿ ಹಂಚಿಬಿಡುವುದೂ ರೂಢಿ, ಹಾಗಾಗಿ ಮೀಸಲು ಬೆಳೆಯಲಿಲ್ಲ ಎಂಬುದು ದೋಷವಲ್ಲ.

ಕೊನೆಗೆ ಷೇರಿನ ಬೆಲೆ. ಹಿಂದೂಸ್ತಾನ್ ಯೂನಿಲಿವರ್ ಷೇರು 2021ರ ಸೆಪ್ಟೆಂಬರ್‌ನಲ್ಲಿ 2,800 ರೂಪಾಯಿ ದಾಟಿತ್ತು. 2025ರ ಮಾರ್ಚ್‌ನಲ್ಲಿ 2,300ರ ಕೆಳಗಿತ್ತು. ಆ ಅವಧಿಯಲ್ಲಿ ವಾರ್ಷಿಕ ಲಾಭ ಸುಮಾರು 8 ಸಾವಿರ ಕೋಟಿಯಿಂದ 10 ಸಾವಿರ ಕೋಟಿಯ ಮೇಲಕ್ಕೆ ಏರಿತ್ತು. ಕಂಪನಿ ಗಟ್ಟಿಯಾಗಿಯೇ ಇತ್ತು, ಕೊಂಡವರು ಕೊಟ್ಟ ಬೆಲೆ ಹೆಚ್ಚಾಗಿತ್ತು. ನಿಮ್ಮ ಹಣದಲ್ಲಿ ಮುಂದಿನ ಹಂಗಾಮಿನ ಬೀಜ, ಗೊಬ್ಬರ, ಕೂಲಿಗೆ ಬೇಕಾದದ್ದನ್ನು ಬ್ಯಾಂಕಿನಲ್ಲೇ ಇಡಿ. ಐದಾರು ವರ್ಷ ಮುಟ್ಟದೆ ಬಿಡಬಲ್ಲ ಪಾಲು ಉಳಿದರೆ, ಒಂದೇ ಸಲಕ್ಕೆ ಹಾಕದೆ ಪ್ರತಿ ಸುಗ್ಗಿಗೆ ಸ್ವಲ್ಪ ಸ್ವಲ್ಪವಾಗಿ ಕೊಳ್ಳಬಹುದು.