ರೋಲರ್ ಕೋಸ್ಟರ್ ಹತ್ತುವ ಮೊದಲು: ನಿಮ್ಮ ಪ್ರಶ್ನೆ, ಡಾಕ್ಟರ ಉತ್ತರ

ರಜೆ ಹತ್ತಿರ ಬಂತು. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಅಮ್ಯೂಸ್‌ಮೆಂಟ್ ಪಾರ್ಕಿನ ಬಗ್ಗೆಯೇ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಮಾಡಿ ಉತ್ತರಿಸಿದ್ದೇನೆ. ಮಾತ್ರೆ ಬಿಡೋದು, ಬದಲಾಯಿಸೋದು ಮಾತ್ರ ನಿಮ್ಮ ಡಾಕ್ಟರನ್ನೇ ಕೇಳಿ. ಪತ್ರ ಓದಿ ನಾನು ಹೇಳುವ ವಿಷಯ ಅಲ್ಲ ಅದು.

ಪ್ರಶ್ನೆ: ನಮ್ಮ ಮಾವನವರಿಗೆ 58 ವರ್ಷ. ಕಳೆದ ವರ್ಷ ಸ್ಟೆಂಟ್ ಹಾಕಿಸಿದ್ದೇವೆ. ಬಿಪಿ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ನಡೀತಿದೆ. ಆದರೆ ದಿನಾ ಬೆಳಿಗ್ಗೆ ವಾಕಿಂಗ್ ತಪ್ಪಿಸಲ್ಲ, ನಮಗಿಂತ ಗಟ್ಟಿ. ಬಿಡದಿ ಹತ್ತಿರದ ವಂಡರ್‌ಲಾಗೆ ಹೋಗೋಣ ಅಂತಿದ್ದೇವೆ. ಮೊಮ್ಮಗನ ಜತೆ ರೋಲರ್ ಕೋಸ್ಟರ್ ಹತ್ತೇ ಹತ್ತುತ್ತೇನೆ ಅಂತ ಒಂದೇ ಹಠ. ಹತ್ತಿಸಬಹುದಾ? — ಒಬ್ಬ ಸೊಸೆ, ತುಮಕೂರು

ಉತ್ತರ: ಬೇಡ.

ವಾಕಿಂಗ್ ಮಾಡುವಾಗ ಹೃದಯದ ಬಡಿತ ನಿಧಾನಕ್ಕೆ ಏರುತ್ತದೆ, ಸುಸ್ತಾದರೆ ನಿಲ್ಲಬಹುದು. ಇಲ್ಲಿ ಎರಡೂ ಇಲ್ಲ. ಜರ್ಮನಿಯಲ್ಲಿ ಎಕ್ಸ್‌ಪೆಡಿಷನ್ ಜಿಫೋರ್ಸ್ ಅನ್ನುವ ಕೋಸ್ಟರ್ ಇದೆ. ಮ್ಯಾನ್‌ಹೈಮ್‌ನ ವೈದ್ಯರು 55 ಜನ ಆರೋಗ್ಯವಂತರಿಗೆ ಇಸಿಜಿ ಯಂತ್ರ ಕಟ್ಟಿ ಅದರಲ್ಲಿ ಕೂರಿಸಿದರು. ಸವಾರಿಗೆ ಮೊದಲು ನಿಮಿಷಕ್ಕೆ ಸರಾಸರಿ 91 ಇದ್ದ ಬಡಿತ 153ಕ್ಕೆ ಏರಿತು. ಅವರು ಇದಕ್ಕೆ ಕಾರಣ ಅಂತ ತೋರಿಸಿದ್ದು ವೇಗಕ್ಕಿಂತ ಹೆಚ್ಚಾಗಿ ಭಯವನ್ನು. ಆರೋಗ್ಯವಂತರಿಗೆ ಇದೇನೂ ದೊಡ್ಡದಲ್ಲ, ಇಳಿದು ಐದು ನಿಮಿಷ ಕೂತರೆ ಸರಿಹೋಗುತ್ತದೆ. ಹೃದಯದ ರಕ್ತನಾಳ ಒಮ್ಮೆ ಕಟ್ಟಿಕೊಂಡವರಿಗೆ, ಬಿಪಿ ಇರುವವರಿಗೆ, ಬಡಿತ ಏರುಪೇರಾಗುವ ತೊಂದರೆ ಇರುವವರಿಗೆ ಆ ಮಾತು ಹೇಳೋಕಾಗಲ್ಲ. ಇನ್ನು ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರ ತಲೆಗೆ ಜೋರಾಗಿ ಜರ್ಕ್ ಬಿದ್ದರೆ, ಒಳಗೆ ಸಣ್ಣದಾಗಿ ಶುರುವಾದ ರಕ್ತಸ್ರಾವ ಬೇಗ ನಿಲ್ಲದೆ ಹೋಗಬಹುದು.

ಅವರಿಗೆ "ನಿಮಗೆ ವಯಸ್ಸಾಯ್ತು" ಅಂತ ಮಾತ್ರ ಹೇಳಬೇಡಿ, ಹಠ ಇನ್ನೂ ಜಾಸ್ತಿ ಆಗುತ್ತದೆ. ಎಲ್ಲರ ಮೊಬೈಲು, ಪರ್ಸು ಅವರ ಕೈಗೆ ಕೊಟ್ಟು, ಮೊಮ್ಮಗನ ವಿಡಿಯೋ ತೆಗೆಯೋ ಕೆಲಸ ಒಪ್ಪಿಸಿ.

ಪ್ರಶ್ನೆ: ಕೋಸ್ಟರ್ ತಲೆಕೆಳಗಾದಾಗ ಬೆಲ್ಟ್ ಕಿತ್ತುಹೋದರೆ ಬೀಳ್ತೀವಾ? ಕರೆಂಟ್ ಹೋದರೆ ಏನಾಗುತ್ತೆ? ಫ್ರೆಂಡ್ಸ್ ಎಲ್ಲ ನಗ್ತಾರೆ, ನನಗೆ ನಿಜವಾಗಿಯೂ ಹೆದರಿಕೆ. — ಪಿಯುಸಿ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ನಗಲಿ ಬಿಡು. ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀಯ.

ನೀರು ತುಂಬಿದ ಬಕೆಟ್ಟನ್ನು ಜೋರಾಗಿ ಸುತ್ತ ಬೀಸಿದರೆ ನೀರು ಚೆಲ್ಲಲ್ಲ, ಅಲ್ವಾ? ವೇಗವಾಗಿ ಸುತ್ತು ಹೊಡೆಯುವಾಗ ನೀನೂ ಹಾಗೇ ಸೀಟಿಗೆ ಒತ್ತಿಕೊಂಡಿರುತ್ತೀಯ. ಹಾಗಂತ ಕೂತವರ ಮೈಮೇಲೆ ಬಿಗಿಯುವ ಸರಳು ಬೇಡ ಅಂತಲ್ಲ. ಕೆಲವು ತಿರುವುಗಳಲ್ಲಿ, ಗುಡ್ಡ ದಾಟಿ ಇಳಿಯುವಾಗ, ದೇಹ ಸೀಟಿನಿಂದ ಮೇಲೇಳುತ್ತದೆ. ಅಲ್ಲಿ ನಿನ್ನನ್ನು ಹಿಡಿದಿಡುವುದು ಆ ಸರಳೇ.

1895ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಫ್ಲಿಪ್ ಫ್ಲ್ಯಾಪ್ ಅನ್ನುವ ಕೋಸ್ಟರ್ ಕಟ್ಟಿದ್ದರು. ಅದರ ಸುತ್ತು ಪೂರ್ತಿ ದುಂಡಗಿತ್ತು. ಒಳಗೆ ನುಗ್ಗಿದ ಕೂಡಲೇ ಭಾರ ಒಮ್ಮೆಲೇ ಬಿದ್ದು ಕುತ್ತಿಗೆ ಹಿಡಿದುಕೊಳ್ಳುತ್ತಿತ್ತು. ಆಮೇಲೆ ಜರ್ಮನಿಯ ಇಂಜಿನಿಯರ್ ವರ್ನರ್ ಸ್ಟೆಂಗಲ್ ಬೇರೆ ಆಕಾರ ಲೆಕ್ಕ ಹಾಕಿದ. ಕೆಳಗೆ ಅಗಲ, ಮೇಲೆ ಕಿರಿದು, ನೀರಿನ ಹನಿಯ ಹಾಗೆ. 1976ರಲ್ಲಿ ಕ್ಯಾಲಿಫೋರ್ನಿಯಾದ ರೆವಲ್ಯೂಷನ್ ಕೋಸ್ಟರಿಗೆ ಬಂದದ್ದು ಅದೇ. ಇವತ್ತು ನೀನು ನೋಡುವ ಸುತ್ತುಗಳಲ್ಲಿ ಜಾಸ್ತಿ ಇದೇ ಜಾತಿಯವು. ಇನ್ನು ಚಕ್ರದ ವಿಷಯ. ಹಳಿಯ ಮೇಲೊಂದು, ಪಕ್ಕಕ್ಕೊಂದು, ಕೆಳಗೊಂದು ಹೀಗೆ ಮೂರು ಕಡೆಯಿಂದ ಹಿಡಿದಿರುತ್ತವೆ. ಬೋಗಿ ಹಳಿ ಬಿಟ್ಟು ಮೇಲೇಳೋಕೆ ಜಾಗವೇ ಇಲ್ಲ.

ಚೈನಿನಲ್ಲಿ ಮೇಲೇರುವಾಗ ಟಕ್ ಟಕ್ ಸದ್ದು ಬರುತ್ತದಲ್ಲ, ಅದು ಹಿಂದಕ್ಕೆ ಜಾರದಂತೆ ತಡೆಯುವ ಹಲ್ಲು. ಕರೆಂಟ್ ಹೋದರೆ ಅಲ್ಲೇ ನಿಲ್ಲುತ್ತೀಯ. ಕೊನೆಯಲ್ಲಿ ಆಯಸ್ಕಾಂತದ ಬ್ರೇಕ್ ಇರುವ ಕೋಸ್ಟರುಗಳಲ್ಲಿ ವೇಗ ತಗ್ಗಿಸೋಕೆ ಕರೆಂಟೇ ಬೇಕಿಲ್ಲ.

ಹಾಗಾದರೆ ಅಪಘಾತ ಹೇಗೆ ಆಗುತ್ತದೆ? ಬಹಳ ಸಲ ಮನುಷ್ಯರಿಂದ. 2015ರ ಜೂನ್‌ನಲ್ಲಿ ಇಂಗ್ಲೆಂಡಿನ ಆಲ್ಟನ್ ಟವರ್ಸ್‌ನಲ್ಲಿ ದಿ ಸ್ಮೈಲರ್ ಅನ್ನುವ ಕೋಸ್ಟರಿನ ಹಳಿ ಮೇಲೆ ಖಾಲಿ ಬೋಗಿಯೊಂದು ಸಿಕ್ಕಿಹಾಕಿಕೊಂಡಿತ್ತು. ಹಳಿ ಖಾಲಿ ಇಲ್ಲ ಅಂತ ಕಂಪ್ಯೂಟರ್ ಸರಿಯಾಗಿಯೇ ಹಿಂದಿನ ಬೋಗಿಯನ್ನು ತಡೆದು ನಿಲ್ಲಿಸಿತು. ಅಲ್ಲಿದ್ದವರು ಅದು ಸುಳ್ಳು ಎಚ್ಚರಿಕೆ ಅಂದುಕೊಂಡು ತಡೆ ತೆಗೆದು ಕಳಿಸಿಬಿಟ್ಟರು. 16 ಜನರಿಗೆ ಗಾಯ. ಇಬ್ಬರು ಯುವತಿಯರು ಒಂದೊಂದು ಕಾಲು ಕಳೆದುಕೊಂಡರು. ಮರುವರ್ಷ ಕೋರ್ಟು ಕಂಪನಿಗೆ 50 ಲಕ್ಷ ಪೌಂಡ್ ದಂಡ ಹಾಕಿತು. ಆದ್ದರಿಂದ ಸವಾರಿ ಮಧ್ಯದಲ್ಲಿ ನಿಂತರೆ ಗಲಾಟೆ ಮಾಡಬೇಡ, "ಬೇಗ ಬಿಡ್ರೀ" ಅಂತ ಕೂಗಬೇಡ. ಎಷ್ಟು ಹೊತ್ತಾದರೂ ಆಗಲಿ, ಅವರು ಪೂರ್ತಿ ನೋಡಿಯೇ ಬಿಡಲಿ.

ಪ್ರಶ್ನೆ: ನನಗ 31 ವರ್ಷ. ಪಾರ್ಕಿಗೆ ಹೋಗಿ ಬಂದು ಎರಡು ವಾರ ಆತು. ಒಂದೇ ಕೋಸ್ಟರ್ ಮತ್ತ ಮತ್ತ ಹತ್ತಿದ್ವಿ. ಆವತ್ತಿನಿಂದ ತಲೆನೋವು ಹೋಗವಲ್ದು, ಗುಳಿಗಿ ತಗೊಂಡ್ರ ಸ್ವಲ್ಪ ಹೊತ್ತು ಆರಾಮ, ಮತ್ತ ಅದೇ. ಮೈಗ್ರೇನ್ ಇರಬಹುದೇನ್ರಿ? — ಶಿಕ್ಷಕಿ, ಹುಬ್ಬಳ್ಳಿ

ಉತ್ತರ: ಟೀಚರ್, ಈ ಉತ್ತರ ಅಚ್ಚಾಗುವವರೆಗೆ ಕಾಯಬಾರದು ಅಂತ ನಿಮಗೆ ಮೊದಲೇ ಫೋನ್ ಮಾಡಿಸಿದ್ದೇನೆ. ಉಳಿದವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಇಳಿದ ದಿನ ತಲೆ ಭಾರ, ಕುತ್ತಿಗೆ ನೋವು ಇರೋದು ಮಾಮೂಲು. ದಿನ ಕಳೆದಂತೆ ಕಡಿಮೆ ಆಗಬೇಕು. ಆಗದಿದ್ದರೆ ಸ್ಕ್ಯಾನ್ ಮಾಡಿಸಲೇಬೇಕು. 2000ನೇ ಇಸವಿಯಲ್ಲಿ ಜಪಾನಿನ ವೈದ್ಯರು 24 ವರ್ಷದ ಯುವತಿಯೊಬ್ಬಳ ವಿಷಯ ಬರೆದರು. ಮೊದಲು ಯಾವ ಕಾಯಿಲೆಯೂ ಇರಲಿಲ್ಲ. ಕೋಸ್ಟರುಗಳನ್ನು ಹತ್ತಿ ಬಂದ ಮೇಲೆ ತಲೆನೋವು ಶುರುವಾಗಿ ಹೋಗಲೇ ಇಲ್ಲ. ನೋಡಿದರೆ ಮಿದುಳಿನ ಹೊದಿಕೆಯ ಕೆಳಗೆ ರಕ್ತ ಸೇರಿಕೊಂಡಿತ್ತು. ತಲೆ ಎಲ್ಲೂ ಬಡಿದಿರಲಿಲ್ಲ, ಜರ್ಕಿಗೇ ಹೀಗಾಗಿತ್ತು. ಅಪರೂಪಕ್ಕೆ ಕುತ್ತಿಗೆಯ ರಕ್ತನಾಳದ ಒಳಪದರ ಸೀಳಿ ಪಾರ್ಶ್ವವಾಯು ಆಗಿರುವುದೂ ಉಂಟು. ಕುತ್ತಿಗೆಯ ಒಂದೇ ಕಡೆ ಜೋರು ನೋವು, ಮಾತು ತೊದಲುವುದು, ಒಂದು ಕೈ ಸೋಲುವುದು, ಎರಡೆರಡು ಕಾಣುವುದು, ವಾಂತಿ: ಇದರಲ್ಲಿ ಯಾವುದಿದ್ದರೂ ನೇರ ಆಸ್ಪತ್ರೆಗೆ ಹೋಗಿ. "ರೋಲರ್ ಕೋಸ್ಟರ್ ಹತ್ತಿದ್ದೆ" ಅಂತ ಡಾಕ್ಟರಿಗೆ ನೀವೇ ಹೇಳಿ, ಅವರಾಗಿ ಕೇಳುವುದಿಲ್ಲ.

ಕೂರುವ ರೀತಿಯೂ ಮುಖ್ಯ. ಜಪಾನಿನ ಫುಜಿ-ಕ್ಯೂ ಪಾರ್ಕಿನ ಡೊ-ಡೊಡೊನ್ಪಾ 1.56 ಸೆಕೆಂಡಿನಲ್ಲಿ ಗಂಟೆಗೆ 180 ಕಿಲೋಮೀಟರ್ ವೇಗ ಮುಟ್ಟುತ್ತಿತ್ತು. ಕುತ್ತಿಗೆ, ಬೆನ್ನಿನ ಮೂಳೆ ಮುರಿಯಿತು ಅಂತ ಒಬ್ಬರಾದ ಮೇಲೊಬ್ಬರು ಹೇಳತೊಡಗಿದಾಗ 2021ರ ಆಗಸ್ಟ್‌ನಲ್ಲಿ ನಿಲ್ಲಿಸಿದರು. 2024ರಲ್ಲಿ ಕಾಯಂ ಮುಚ್ಚಿದರು. ಬೆನ್ನು, ತಲೆ ಎರಡನ್ನೂ ಸೀಟಿಗೆ ಒತ್ತಿ ಕೂರಿ. ಪಕ್ಕದವರ ಮುಖ ನೋಡೋಕೆ, ಸೆಲ್ಫಿಗೆ ಅಂತ ಮುಂದಕ್ಕೆ ಬಾಗಿದ್ದಾಗ ಬೋಗಿ ಚಿಮ್ಮಿದರೆ ತಲೆಯ ಭಾರವೆಲ್ಲ ಕುತ್ತಿಗೆಯ ಮೇಲೆ ಬೀಳುತ್ತದೆ.

ಪ್ರಶ್ನೆ: ನಾಲ್ಕು ತಿಂಗಳು. ಹೊಟ್ಟೆ ಇನ್ನೂ ಕಾಣಲ್ಲ. ಹೇಳದೆ ಹತ್ತಿದರೆ? — ಹೆಸರು ಬೇಡ, ಹಾಸನ

ಉತ್ತರ: ಹತ್ತಬೇಡಮ್ಮಾ. ಜೋರಾಗಿ ಬ್ರೇಕ್ ಹೊಡೆದಾಗ, ಸರಳು ಹೊಟ್ಟೆಗೆ ಒತ್ತಿದಾಗ ಮಾಸು ಗರ್ಭಕೋಶದಿಂದ ಬಿಟ್ಟುಕೊಳ್ಳುವ ಅಪಾಯ ಇದೆ. "ಗರ್ಭಿಣಿಯರು ಹತ್ತಬಾರದು" ಅನ್ನುವ ಬೋರ್ಡು ಆಪರೇಟರಿಗೆ ಅಂತ ಹಾಕಿದ್ದಲ್ಲ. ನಿನ್ನ ಹೊಟ್ಟೆಯ ವಿಷಯ ಅವನಿಗೆ ಹೇಗೆ ಗೊತ್ತಾಗಬೇಕು?

ಪ್ರಶ್ನೆ: ರೋಲರ್ ಕೋಸ್ಟರ್ ಹತ್ತಿದರೆ ಕಿಡ್ನಿ ಸ್ಟೋನ್ ಬಿದ್ದುಹೋಗುತ್ತೆ ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ಸುಳ್ಳು ತಾನೆ? — ದಾವಣಗೆರೆ ಓದುಗರು

ಉತ್ತರ: ಪೂರ್ತಿ ಸುಳ್ಳಲ್ಲ! ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಡೇವಿಡ್ ವಾರ್ಟಿಂಗರ್ ಮತ್ತು ಜತೆಗಾರರು ಕಿಡ್ನಿಯ ಮಾದರಿಯೊಂದನ್ನು ಮಾಡಿ, ಅದರಲ್ಲಿ ನಿಜವಾದ ಕಲ್ಲು ಹಾಕಿ, ಬ್ಯಾಗಿನಲ್ಲಿಟ್ಟುಕೊಂಡು ಡಿಸ್ನಿ ವರ್ಲ್ಡಿನ ಬಿಗ್ ಥಂಡರ್ ಮೌಂಟನ್ ಹತ್ತಿದರು. ಹಿಂದಿನ ಸೀಟಿನಲ್ಲಿ ಶೇ. 64ರಷ್ಟು ಸಲ ಕಲ್ಲು ಜಾರಿತು, ಮುಂದಿನ ಸೀಟಿನಲ್ಲಿ ಶೇ. 17 ಮಾತ್ರ. 2016ರಲ್ಲಿ ಅಚ್ಚಾಯಿತು, 2018ರಲ್ಲಿ ಇಗ್ ನೊಬೆಲ್ ಬಂತು. ಅದು ನಗಿಸಿ ಆಮೇಲೆ ಯೋಚಿಸೋ ಹಾಗೆ ಮಾಡುವ ಸಂಶೋಧನೆಗಳಿಗೆ ಕೊಡುವ ಬಹುಮಾನ. ಆದರೆ ಅದು ಮಾದರಿ, ಸಣ್ಣ ಕಲ್ಲು, ಒಂದೇ ಕೋಸ್ಟರ್. ನಿಮ್ಮ ಕಲ್ಲು ದೊಡ್ಡದಿದ್ದು ಮೂತ್ರನಾಳದಲ್ಲಿ ಸಿಕ್ಕಿಕೊಂಡರೆ ಪಾರ್ಕಿನಲ್ಲೇ ಉರುಳಾಡಬೇಕಾದೀತು. ಸುಮ್ನೆ ಸ್ಕ್ಯಾನ್ ಮಾಡಿಸಿ, ನೀರು ಜಾಸ್ತಿ ಕುಡಿಯಿರಿ.

ಪ್ರಶ್ನೆ: ಪಾರ್ಕಿಗೆ ಹೋಗೋ ಅಷ್ಟು ದುಡ್ಡಿಲ್ಲ ಸಾರ್. ಜಾತ್ರೆಗೆ ಬರೋ ತೊಟ್ಟಿಲು, ಕೊಲಂಬಸ್, ಬ್ರೇಕ್ ಡ್ಯಾನ್ಸೇ ನಮ್ಮ ಮಕ್ಕಳಿಗೆ ರೋಲರ್ ಕೋಸ್ಟರ್. ಮಗಳಿಗೆ ಆರು ವರ್ಷ. ಏನು ನೋಡಬೇಕು? — ಆಟೋ ಚಾಲಕರು, ನಂಜನಗೂಡು

ಉತ್ತರ: ನನ್ನ ಮಟ್ಟಿಗೆ ಪಾರ್ಕಿಗಿಂತ ಇಲ್ಲೇ ಹೆಚ್ಚು ಕಣ್ಣಿಡಬೇಕು. ಒಂದು ಊರಲ್ಲಿ ಬಿಚ್ಚಿ, ಲಾರಿಗೆ ಹಾಕಿ, ಇನ್ನೊಂದು ಊರಲ್ಲಿ ರಾತ್ರೋರಾತ್ರಿ ಜೋಡಿಸುವ ಯಂತ್ರ ಅದು. ಇಂಥ ಸವಾರಿಗಳಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 15475 ಅನ್ನುವ ಮಾನದಂಡ ಇದೆ, ಜಾತ್ರೆ ಬಯಲಿನಲ್ಲಿ ಅದನ್ನು ಯಾರು ಕೇಳುತ್ತಾರೆ ಹೇಳಿ. ಕಾಯಂ ಜಾಗದಲ್ಲೂ ಅನಾಹುತ ಆಗುತ್ತದೆ. 2019ರ ಜುಲೈನಲ್ಲಿ ಅಹಮದಾಬಾದಿನ ಕಾಂಕರಿಯಾದಲ್ಲಿ ತೂಗಾಡುವ ಸವಾರಿಯೊಂದು ಮುರಿದುಬಿದ್ದು ಇಬ್ಬರು ಸತ್ತರು.

ಟಿಕೆಟ್ ತಗೊಳ್ಳುವ ಮೊದಲು ಖಾಲಿ ಸುತ್ತು, ತುಂಬಿದ ಸುತ್ತು ಒಂದೊಂದು ನಿಂತು ನೋಡಿ. ಬುಡದ ಮರದ ದಿಮ್ಮಿ ಕದಲುತ್ತಿದೆಯಾ, ಮಳೆಗೆ ಮಣ್ಣು ಕುಸಿದಿದೆಯಾ? ತೊಟ್ಟಿಲಿನ ಬಾಗಿಲ ಚಿಲಕಕ್ಕೆ ಪಿನ್ನು ಇದೆಯಾ, ಅಥವಾ ಕಟ್ಟಡಕ್ಕೆ ಕಂಬಿ ಕಟ್ಟುವ ತಂತಿ ಸುತ್ತಿದ್ದಾರಾ? ಪಿನ್ನಿನ ಜಾಗದಲ್ಲಿ ತಂತಿ ಕಂಡರೆ ಅಲ್ಲಿಂದಲೇ ವಾಪಸ್ ಬನ್ನಿ.

ಇನ್ನೊಂದು ವಿಷಯ. ಅಪ್ಪ ಮಗಳು ಒಂದೇ ಸರಳಿನ ಕೆಳಗೆ ಕೂತಾಗ ಸರಳು ಅಪ್ಪನ ತೊಡೆಗೆ ತಾಗಿ ನಿಂತುಬಿಡುತ್ತದೆ. ಮಗುವಿನ ತೊಡೆಗೂ ಸರಳಿಗೂ ಮಧ್ಯೆ ಗೇಣುದ್ದ ಜಾಗ ಉಳಿಯುತ್ತದೆ, ಸವಾರಿ ಮೇಲೆದ್ದಾಗ ಮಗು ಅಲ್ಲಿಂದಲೇ ಜಾರುವುದು. "ಅಪ್ಪ ಹಿಡ್ಕೊಂಡಿರ್ತಾನೆ" ಅನ್ನುವ ಭರವಸೆ ಬೇಡ, ಆ ಎಳೆತಕ್ಕೆ ಯಾರ ಕೈಯೂ ನಿಲ್ಲಲ್ಲ. ಪಾರ್ಕಿನಲ್ಲಿ ಎತ್ತರದ ಗೆರೆ ಹಾಕುವುದೂ ಇದಕ್ಕೇ. ಆರು ವರ್ಷದವಳನ್ನು ಕೊಲಂಬಸ್‌ಗೆ, ಬ್ರೇಕ್ ಡ್ಯಾನ್ಸಿಗೆ ಹತ್ತಿಸಬೇಡಿ. ಮಕ್ಕಳ ಪುಟ್ಟ ರೈಲಿಗೆ ಕೂರಿಸಿ, ಬೇಕಾದರೆ ಎರಡು ಸಲ.