ಸ್ಲೇಟು ಕಲ್ಲಿನ ಮೊಸಾಯಿಕ್: ಪದರ ನೋಡಿ ಪೆಟ್ಟು ಹಾಕಿ

ಸ್ಲೇಟು ಕಲ್ಲಿನಲ್ಲಿ ಮೊಸಾಯಿಕ್, ಅಂದರೆ ಸಣ್ಣ ತುಣುಕುಗಳನ್ನು ಜೋಡಿಸಿ ಅಂಟಿಸುವ ಚಿತ್ರ, ಮಾಡುವವರು ಕಳಿಸಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಗಾಜು, ಸೆರಾಮಿಕ್, ಅಮೃತಶಿಲೆಯಲ್ಲಿ ಕೈ ಪಳಗಿದವರೂ ಸ್ಲೇಟಿಗೆ ಬಂದಾಗ ತಬ್ಬಿಬ್ಬಾಗುತ್ತಾರೆ. ಕಾರಣ ಕಲ್ಲಿನ ಹುಟ್ಟಿನಲ್ಲೇ ಇದೆ. ನುಣುಪು ಜೇಡಿಕೆಸರು ಭೂಮಿಯೊಳಗಿನ ಒತ್ತಡಕ್ಕೆ ಸಿಕ್ಕಿ ಸ್ಲೇಟಾಗುವಾಗ ಅದರೊಳಗಿನ ಅಭ್ರಕದ ಸೂಕ್ಷ್ಮ ಚಕ್ಕೆಗಳೆಲ್ಲ ಒಂದೇ ದಿಕ್ಕಿಗೆ ಮಲಗುತ್ತವೆ. ಆ ದಿಕ್ಕಿಗೆ ಕಲ್ಲು ಸಲೀಸಾಗಿ ಸೀಳುತ್ತದೆ, ಅಡ್ಡಕ್ಕೆ ಹಟ ಹಿಡಿಯುತ್ತದೆ. ಕೆಳಗಿನ ಹೆಚ್ಚಿನ ತೊಂದರೆಗಳ ಬೇರು ಅದೇ.

ಪ್ರಶ್ನೆ: ಅಂಗಡಿಯವರು ‘ಕಪ್ಪು ಸ್ಲೇಟು’ ಎಂದು ಕೊಟ್ಟಿದ್ದಾರೆ. ಅದು ನಿಜಕ್ಕೂ ಸ್ಲೇಟೇ ಎಂದು ತಿಳಿಯುವುದು ಹೇಗೆ?

ಕರ್ನಾಟಕದ ಕಲ್ಲಂಗಡಿಗಳಲ್ಲಿ ಕಪ್ಪಗೆ, ಚಪ್ಪಟೆಯಾಗಿ ಸಿಗುವುದು ಬಹುಪಾಲು ಕಡಪ ಕಲ್ಲು. ಬೂದುಬಣ್ಣದ್ದಾದರೆ ಕಲಬುರಗಿ ಕಡೆಯ ಶಹಾಬಾದ್ ಕಲ್ಲು. ಎರಡೂ ಹಲಗೆಯಾಗಿಯೇ ಏಳುತ್ತವೆ, ಆದರೆ ಎರಡೂ ಸುಣ್ಣಕಲ್ಲು, ಸ್ಲೇಟಲ್ಲ. ಸ್ಲೇಟು ಬರುವುದು ಆಂಧ್ರದ ಮಾರ್ಕಾಪುರ, ಹರಿಯಾಣದ ಕುಂಡ್, ಹಿಮಾಚಲದ ಕಾಂಗ್ಡಾ ಮುಂತಾದ ಕಡೆಗಳಿಂದ.

ಪರೀಕ್ಷೆ ಸುಲಭ. ಮೂಲೆಯೊಂದನ್ನು ಮೊಳೆಯಿಂದ ಕೆರೆದು ಚಿಟಿಕೆ ಪುಡಿ ಎಬ್ಬಿಸಿ. ಕೈಗವಸು, ಕನ್ನಡಕ ಹಾಕಿಕೊಂಡು ಅದರ ಮೇಲೆ ಹೈಡ್ರೋಕ್ಲೋರಿಕ್ ಆಮ್ಲವಿರುವ ಟಾಯ್ಲೆಟ್ ಕ್ಲೀನರ್ ಎರಡು ಹನಿ ಬಿಡಿ. ಜೋರಾಗಿ ನೊರೆ ಬಂದರೆ ಸುಣ್ಣಕಲ್ಲು. ನೊರೆ ಬರದಿದ್ದರೆ, ಅಥವಾ ಕಂಡೂ ಕಾಣದಷ್ಟು ಬಂದರೆ, ಸ್ಲೇಟು ಇರಬಹುದು. ಆಮೇಲೆ ಅಂಚಿಗೆ ತೆಳು ಉಳಿ ಇಟ್ಟು ಮೆಲ್ಲಗೆ ತಟ್ಟಿ. ಸ್ಲೇಟಾದರೆ ಅಗಲವಾದ ಹಾಳೆಯೇ ಬಿಟ್ಟು ಬರುತ್ತದೆ. ಬಣ್ಣ ಹಚ್ಚಿ ಕಪ್ಪು ಮಾಡಿದ ಕಲ್ಲೂ ಮಾರುಕಟ್ಟೆಯಲ್ಲಿದೆ. ನೇಲ್ ಪಾಲಿಶ್ ತೆಗೆಯುವ ಅಸಿಟೋನ್‌ನಲ್ಲಿ ಹತ್ತಿ ಅದ್ದಿ ಉಜ್ಜಿ. ಹತ್ತಿ ಕಪ್ಪಾದರೆ ಅದನ್ನು ಕೊಳ್ಳಬೇಡಿ.

ಕಡಪ ಕಲ್ಲು ಮೊಸಾಯಿಕ್‌ಗೆ ಕೆಟ್ಟದ್ದೇನಲ್ಲ, ಘನಾಕಾರದ ತುಣುಕುಗಳಿಗೆ ಸ್ಲೇಟಿಗಿಂತ ಅದೇ ವಾಸಿ. ಆದರೆ ನಿಂಬೆರಸ, ಆಮ್ಲದ ಕ್ಲೀನರ್ ತಾಗಿದರೆ ಅದರ ಮೇಲ್ಮೈ ಮಾಸುತ್ತದೆ. ಮನೆಯ ಅಟ್ಟದಲ್ಲಿ ಹಳೆಯ ಕಲ್ಲಿನ ಪಾಟಿ ಒಡೆದು ಬಿದ್ದಿದ್ದರೆ ಎಸೆಯಬೇಡಿ. ತೆಳ್ಳಗೆ, ಸಮನಾಗಿರುವ ಅಂಥ ಸ್ಲೇಟು ಕಲಿಯುವವರಿಗೆ ಬಹಳ ಒಳ್ಳೆಯ ಸಾಮಗ್ರಿ.

ಪ್ರಶ್ನೆ: ಚಕ್ರದ ನಿಪ್ಪರ್‌ನಲ್ಲಿ ಕತ್ತರಿಸಿದರೆ ತುಣುಕು ಪುಡಿಯಾಗುತ್ತದೆ, ಪದರ ಪದರವಾಗಿ ಉದುರುತ್ತದೆ. ತಪ್ಪು ಉಪಕರಣದ್ದೇ?

ಅರ್ಧ ಉಪಕರಣದ್ದು, ಅರ್ಧ ಕೆಲಸದ ಕ್ರಮದ್ದು. ಎರಡು ಚಕ್ರಗಳ ನಡುವೆ ಕಚ್ಚಿ ಕತ್ತರಿಸುವ ಇಕ್ಕಳವಾದ ಈ ನಿಪ್ಪರ್ ಗಾಜಿಗಾಗಿ ಮಾಡಿದ್ದು. ದಪ್ಪ ಸ್ಲೇಟನ್ನು ಅದರ ಬಾಯಿಗೆ ಕೊಟ್ಟರೆ ಬಿರುಕು ನೇರವಾಗಿ ಕೆಳಗಿಳಿಯುವ ಬದಲು ಪದರದ ಸಂದಿಗೆ ತಿರುಗಿಬಿಡುತ್ತದೆ. ಚಿರೋಟಿಯನ್ನು ಬೆರಳಲ್ಲಿ ಹಿಸುಕಿದರೆ ಆಗುವುದೇ ಇಲ್ಲೂ ಆಗುತ್ತದೆ. 5 ಮಿ.ಮೀ. ಒಳಗಿನ ಸ್ಲೇಟಿಗೆ ಮಾತ್ರ ನಿಪ್ಪರ್ ಬಳಸಿ. ಅದೂ ಅಂಚಿನಿಂದ 2–3 ಮಿ.ಮೀ.ಯಷ್ಟೇ ಕಚ್ಚಿಸಿ, ಉಳಿದದ್ದು ತಾನಾಗಿ ಬಿರಿಯಲಿ.

ಅದಕ್ಕಿಂತ ದಪ್ಪವಿದ್ದರೆ ಮೊದಲು ಸೀಳಬೇಕು, ಆಮೇಲೆ ಕತ್ತರಿಸಬೇಕು. ಕಲ್ಲನ್ನು ಅಂಚಿನ ಮೇಲೆ ನಿಲ್ಲಿಸಿ. 30–40 ಮಿ.ಮೀ. ಅಗಲದ, ತೆಳು ಬಾಯಿಯ ಉಳಿಯನ್ನು ದಪ್ಪದ ನಟ್ಟನಡುವೆ ಇಡಿ. ಒಂದೇ ಕಡೆ ಜೋರಾಗಿ ಹೊಡೆಯಬೇಡಿ. ಅಂಚಿನುದ್ದಕ್ಕೂ ಉಳಿ ಸರಿಸುತ್ತ ಮೆಲ್ಲಗೆ ತಟ್ಟಿ. ಕೂದಲೆಳೆಯ ಗೆರೆ ಕಾಣಿಸಿಕೊಂಡ ಮೇಲೆ ಉಳಿಯನ್ನು ಸ್ವಲ್ಪ ತಿರುವಿದರೆ ಸಾಕು, ಎರಡು ಹೋಳು ಬಿಟ್ಟುಕೊಳ್ಳುತ್ತವೆ. ಯಾವಾಗಲೂ ಅರ್ಧರ್ಧ ಮಾಡುತ್ತ ಹೋಗಿ: 20 ಮಿ.ಮೀ. ಇದ್ದದ್ದು 10, ಆಮೇಲೆ 5. ದಪ್ಪ ಹಲಗೆಯ ಪಕ್ಕದಿಂದ ತೆಳು ಹಾಳೆ ಕೀಳಲು ಹೋದರೆ ಸೀಳು ತೆಳು ಬದಿಗೇ ವಾಲಿ ಅರ್ಧ ದಾರಿಯಲ್ಲಿ ಹೊರಬಿದ್ದುಬಿಡುತ್ತದೆ. ಗಣಿಯ ತೇವ ಆರದ ಸ್ಲೇಟು ಚೆನ್ನಾಗಿ ಸೀಳುತ್ತದೆ. ವರ್ಷಗಟ್ಟಲೆ ಬಿಸಿಲಲ್ಲಿ ಒಣಗಿದ್ದನ್ನು ನೀರಲ್ಲಿ ನೆನೆಸಿದರೂ ಆ ಗುಣ ಪೂರ್ತಿ ಮರಳಿ ಬರುವುದಿಲ್ಲ.

ಅಡ್ಡ ಕತ್ತರಿಸಲು ಟಂಗ್‌ಸ್ಟನ್ ಕಾರ್ಬೈಡ್ ಮೊನೆಯ ಮೊಸಾಯಿಕ್ ಸುತ್ತಿಗೆ, ಮರದ ದಿಮ್ಮಿಗೆ ನೆಟ್ಟ ಉಳಿ ಬೇಕು. ಕಲ್ಲನ್ನು ಕೆಳಗಿನ ಉಳಿಯ ಬಾಯಿಯ ಮೇಲಿಟ್ಟು ಅದಕ್ಕೆ ಸರಿಯಾಗಿ ಮೇಲಿನಿಂದ ಒಂದು ಚುರುಕು ಪೆಟ್ಟು. ಎರಡು ಬಾಯಿ ಒಂದೇ ರೇಖೆಗೆ ಬರದಿದ್ದರೆ ಮುರಿತ ಓರೆಯಾಗುತ್ತದೆ. ಅಂಚನ್ನು ಸುತ್ತಿಗೆಯಲ್ಲಿ ಸವರುವಾಗ ಒಂದು ಮಾತು ನೆನಪಿರಲಿ: ಚಕ್ಕೆ ಹಾರುವುದು ಪೆಟ್ಟು ಬಿದ್ದ ಮುಖದಲ್ಲಲ್ಲ, ಅದರ ಹಿಂಬದಿಯಲ್ಲಿ. ಚೂಪಾದ, ಶುದ್ಧ ಅಂಚು ಬೇಕಿದ್ದರೆ ಚೆಂದದ ಮುಖ ಮೇಲಿರಲಿ. ಅಂಚಿಗೆ ಒರಟಾದ ಇಳಿಜಾರು ಬೇಕಿದ್ದರೆ ಹಿಂಬದಿಯಿಂದ ಹೊಡೆಯಿರಿ.

ಸೀಳುವ ಪದರವಲ್ಲದೆ ಸ್ಲೇಟಿಗೆ ಇನ್ನೊಂದು ಎಳೆಯೂ ಇರುತ್ತದೆ. ಹಲಗೆಯನ್ನು ಒಂದು ದಿಕ್ಕಿಗೆ ಮುರಿದರೆ ನೇರವಾಗಿ, ಇನ್ನೊಂದಕ್ಕೆ ಅಂಕುಡೊಂಕಾಗಿ ಮುರಿಯುವುದು ಈ ಎಳೆಯಿಂದ. ಪ್ರತಿ ಹಲಗೆಯ ಮೂಲೆ ಮುರಿದು ನೋಡಿ, ನೇರ ಮುರಿಯುವ ದಿಕ್ಕಿಗೆ ಸೀಮೆಸುಣ್ಣದ ಗೆರೆ ಎಳೆದಿಡಿ. ಉದ್ದ ಪಟ್ಟಿಗಳನ್ನು ಆ ಗೆರೆಯ ಗುಂಟ ತೆಗೆಯಿರಿ. ತುಣುಕಿನ ಅಗಲ ಅದರ ದಪ್ಪಕ್ಕಿಂತ ಕಡಿಮೆಯಾಗದಂತೆ ನೋಡಿಕೊಂಡರೆ ಅರ್ಧ ನಷ್ಟ ತಪ್ಪುತ್ತದೆ.

ಪ್ರಶ್ನೆ: ಕೆಲವು ಕಲಾವಿದರು ಸ್ಲೇಟನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ಜೋಡಿಸುತ್ತಾರೆ. ಮನೆಯೊಳಗಿನ ಗೋಡೆಗೆ 30×30 ಸೆಂ.ಮೀ. ಫಲಕ ಮಾಡಲು ಏನೇನು, ಎಷ್ಟೆಷ್ಟು ಬೇಕು?

ಸ್ಲೇಟಿನ ನಿಜವಾದ ಚೆಲುವು ಇರುವುದು ಅಂಚಿನಲ್ಲೇ. ಮಲಗಿಸಿದಾಗ ಅದು ಬೂದು ಮೈದಾನ. ನಿಲ್ಲಿಸಿದಾಗ ಸಾಲು ಸಾಲಾದ ಗೆರೆ, ಬೆಳಕು ಬದಲಾದಂತೆ ನೆರಳೂ ಬದಲಾಗುತ್ತದೆ. ಸ್ಕಾಟ್ಲೆಂಡಿನ ಡುಗಾಲ್ಡ್ ಮ್ಯಾಕಿನ್ನಿಸ್ ಸ್ಲೇಟನ್ನೇ ತಮ್ಮ ಮುಖ್ಯ ಮಾಧ್ಯಮ ಮಾಡಿಕೊಂಡವರು. ಬಣ್ಣದ ಹಂಗಿಲ್ಲದೆ ಬರೀ ಸಾಲುಗಳ ಓಟದಿಂದ ಎಷ್ಟು ಹೇಳಬಹುದು ಎಂಬುದನ್ನು ಕಲಿಯಲು ಅವರ ಕೃತಿಗಳನ್ನು ನೋಡಬೇಕು.

ತಳಕ್ಕೆ 12 ಮಿ.ಮೀ. ಸಿಮೆಂಟ್ ಬೋರ್ಡ್. ಪ್ಲೈವುಡ್ ತೇವಕ್ಕೆ ಉಬ್ಬಿ ಇಳಿಯುತ್ತದೆ, ಕಲ್ಲು ಹಾಗೆ ಮಾಡುವುದಿಲ್ಲ. ಸ್ಲೇಟನ್ನು 3ರಿಂದ 8 ಮಿ.ಮೀ. ದಪ್ಪಕ್ಕೆ ಸೀಳಿ 15 ಮಿ.ಮೀ. ಎತ್ತರದ ಪಟ್ಟಿ ಮಾಡಿಕೊಳ್ಳಿ. ಈ ಅಳತೆಗೆ ಸುಮಾರು 4 ಕೆ.ಜಿ. ಪಟ್ಟಿ ಹೋಗುತ್ತದೆ, ಪುಡಿ, ಚಕ್ಕೆಯ ನಷ್ಟ ಸೇರಿಸಿ 6 ಕೆ.ಜಿ. ಕಲ್ಲು ಇಟ್ಟುಕೊಳ್ಳಿ. ಪಾಲಿಮರ್ ಸೇರಿಸಿದ ಟೈಲ್ ಅಂಟು 2 ಕೆ.ಜಿ. ಸಾಕು. ಅದು ಸಿಗದಿದ್ದರೆ 1 ಪಾಲು ಸಿಮೆಂಟಿಗೆ 3 ಪಾಲು ಜರಡಿ ಹಿಡಿದ ನಯ ಮರಳು. ಕಲಸುವ ದ್ರವದಲ್ಲಿ ಮೂರನೇ ಒಂದು ಪಾಲು ಎಸ್‌ಬಿಆರ್ ಲೇಟೆಕ್ಸ್ (ಗಾರೆಯ ಹಿಡಿತ ಹೆಚ್ಚಿಸುವ ಹಾಲಿನಂಥ ರಬ್ಬರ್ ದ್ರವ), ಉಳಿದದ್ದು ನೀರು. ಸಂದಿಯಲ್ಲಿ ಬಿಳಿಚು ಬೂದು ಕಾಣಬಾರದೆಂದರೆ ಕಪ್ಪು ಐರನ್ ಆಕ್ಸೈಡ್ ಬೆರೆಸಿ, ಸಿಮೆಂಟಿನ ತೂಕದ ಶೇ 5ಕ್ಕಿಂತ ಹೆಚ್ಚು ಬೇಡ.

ಬೋರ್ಡನ್ನು ಒದ್ದೆ ಬಟ್ಟೆಯಿಂದ ಒರೆಸಿ ಅಂಟನ್ನು 8–10 ಮಿ.ಮೀ. ದಪ್ಪಕ್ಕೆ ಹಾಸಿ. ಪಟ್ಟಿಗಳನ್ನು ಅರ್ಧ ಎತ್ತರದವರೆಗೆ ಒತ್ತಿ. ಒತ್ತಿದಾಗ ಅಂಟು ಸಂದಿಯಲ್ಲಿ ತುಸು ಮೇಲೇರಬೇಕು, ಆದರೆ ಮುಖದ ಮಟ್ಟಕ್ಕೆ ಬರಬಾರದು. ಆ ಏರಿಕೆಯೇ ಇಲ್ಲಿ ಗ್ರೌಟಿನ, ಅಂದರೆ ಸಂದಿ ತುಂಬುವ ಗಾರೆಯ, ಕೆಲಸ ಮಾಡುತ್ತದೆ; ಬೇರೆ ಗ್ರೌಟ್ ಬೇಡ. ಒಮ್ಮೆಗೆ ಎರಡು ಅಂಗೈ ಅಗಲದಷ್ಟೇ ಅಂಟು ಹಾಸಿ. ನಮ್ಮ ಬೇಸಿಗೆಯಲ್ಲಿ 15–20 ನಿಮಿಷಕ್ಕೇ ಅದರ ಮೇಲೆ ಕೆನೆ ಕಟ್ಟುತ್ತದೆ. ಮುಟ್ಟಿದರೆ ಬೆರಳಿಗೆ ಹತ್ತದ ಅಂಟನ್ನು ಕೆರೆದು ತೆಗೆಯಿರಿ. ಮೇಲೆ ನೀರು ಚಿಮುಕಿಸಿ ಬದುಕಿಸಲು ನೋಡಬೇಡಿ.

ಮುಗಿದ ಫಲಕ 7 ಕೆ.ಜಿ.ಯ ಆಸುಪಾಸು ತೂಗುತ್ತದೆ. ಒಂದು ಮೊಳೆಗೆ ನೇತುಹಾಕಬೇಡಿ, ಗೋಡೆಗೆ ಎರಡು ಆ್ಯಂಕರ್ ಸ್ಕ್ರೂ ಬೇಕು. ಅಂಚಿನ ಮೇಲೆ ನಿಂತ ಸ್ಲೇಟಿನ ಪದರಗಳೆಲ್ಲ ಹೊರಗೆ ಬಾಯಿ ತೆರೆದಿರುತ್ತವೆ. ಹಾಗಾಗಿ ಬಯಲಿಗೆ ಹಾಕುವುದಾದರೆ ತಟ್ಟಿದಾಗ ಟಣ್ಣೆನ್ನುವ ಕಲ್ಲನ್ನಷ್ಟೇ ಬಳಸಿ. ಡಬ್ಬೆಂದರೆ ಒಳಗೆ ಪದರ ಬಿಟ್ಟಿದೆ ಎಂದೇ ಅರ್ಥ.

ಪ್ರಶ್ನೆ: ಮಲಗಿಸಿ ಅಂಟಿಸಿದ ತುಣುಕುಗಳು ಕೆಲವು ವಾರಗಳಲ್ಲೇ ಕಿತ್ತು ಬರುತ್ತಿವೆ. ಅಂಟು ಬದಲಿಸಬೇಕೆ?

ಬದಲಿಸುವ ಮುನ್ನ ಬಿದ್ದ ತುಣುಕಿನ ಬೆನ್ನನ್ನೂ ಅದು ಬಿಟ್ಟುಹೋದ ಜಾಗವನ್ನೂ ಬೆಳಕಿಗೆ ಹಿಡಿದು ನೋಡಿ. ಅಂಟಿನ ಮೇಲೆ ಸ್ಲೇಟಿನ ತೆಳು ಪೊರೆ ಉಳಿದಿದ್ದರೆ ಅಂಟು ಗೆದ್ದಿದೆ, ಕಲ್ಲೇ ಪದರ ಬಿಟ್ಟಿದೆ. ಯಾವ ದುಬಾರಿ ಅಂಟೂ ಇದಕ್ಕೆ ಮದ್ದಲ್ಲ. ಅಂಟಿಸುವ ಮುನ್ನ ಬೆನ್ನಿನ ಸಡಿಲ ಚಕ್ಕೆಗಳನ್ನು ತಂತಿ ಬ್ರಶ್‌ನಿಂದ ಕಿತ್ತು ಗಟ್ಟಿ ಪದರಕ್ಕೆ ಇಳಿಯಬೇಕು. ಬೆನ್ನಿನಲ್ಲಿ ನುಣುಪಾದ ಬೂದು ಧೂಳು ಕಂಡರೆ ತೊಳೆಯದೆ ಅಂಟಿಸಿದ್ದೀರಿ. ತೊಳೆದು ಒಣಗಿಸಿ, ಬೆನ್ನಿಗೂ ತೆಳ್ಳಗೆ ಅಂಟು ಸವರಿ ಒತ್ತಿ. ಅಂಟಿನ ಮೇಲ್ಮೈ ಹೊಳಪಾಗಿದ್ದು ಕಲ್ಲಿನ ಗುರುತೇ ಇಲ್ಲದಿದ್ದರೆ ಕೆನೆ ಕಟ್ಟಿದ ಮೇಲೆ ಇಟ್ಟಿದ್ದೀರಿ. ಬಿಳಿ ಪಿವಿಎ ಅಂಟು ಒಳಾಂಗಣಕ್ಕಷ್ಟೇ ಸರಿ, ತೇವ ಕಂಡರೆ ಮತ್ತೆ ಮೆತ್ತಗಾಗುತ್ತದೆ.

ಪ್ರಶ್ನೆ: ಗೇಟಿನ ಪಕ್ಕದ ಫಲಕದಲ್ಲಿ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅಲ್ಲಲ್ಲಿ ತುಕ್ಕಿನ ಕಲೆ, ಉಳಿದೆಡೆ ಬಿಳಿ ಪುಡಿ. ಆಸಿಡ್ ಹಾಕಿ ತೊಳೆಯಬಹುದೆ?

ಬೇಡ. ಇವು ಎರಡು ಬೇರೆ ಬೇರೆ ತೊಂದರೆ. ಬಿಳಿ ಪುಡಿ ಸಿಮೆಂಟಿನದ್ದು. ಒಳಗಿನ ನೀರು ಲವಣವನ್ನು ಹೊತ್ತು ತಂದು ಮೇಲೆ ಬಿಟ್ಟು ಆರಿಹೋಗಿದೆ. ಒಣ ಬ್ರಶ್‌ನಿಂದ ಉಜ್ಜಿ ತೆಗೆದು ಒದ್ದೆ ಸ್ಪಂಜಿನಿಂದ ಒರೆಸಿ. ಕೆಲವು ಸಲ ಮರುಕಳಿಸಿ ಕ್ರಮೇಣ ಕಡಿಮೆಯಾಗುತ್ತದೆ. ಫಲಕದ ಹಿಂದಿನಿಂದ ನೀರು ಇಳಿಯುತ್ತಿದ್ದರೆ ಮಾತ್ರ ನಿಲ್ಲುವುದಿಲ್ಲ. ಮೊದಲು ಆ ದಾರಿ ಮುಚ್ಚಿ.

ತುಕ್ಕು ಕಲ್ಲಿನದ್ದು. ಅನೇಕ ಸ್ಲೇಟುಗಳಲ್ಲಿ ಕಬ್ಬಿಣದ ಸಲ್ಫೈಡ್ ಆದ ಪೈರೈಟ್ ಇರುತ್ತದೆ. ಗಾಳಿ, ನೀರು ಸೇರಿದರೆ ಅದು ತುಕ್ಕಾಗುತ್ತದೆ, ಜೊತೆಗೆ ಗಂಧಕಾಮ್ಲವೂ ಹುಟ್ಟುತ್ತದೆ. ಅದೇ ಕಲ್ಲಿನಲ್ಲಿ ಸುಣ್ಣದ ಅಂಶವಿದ್ದರೆ ಆಮ್ಲ ಅದನ್ನು ಜಿಪ್ಸಂ ಮಾಡಿ ಉಬ್ಬಿಸುತ್ತದೆ, ಪದರ ಏಳುತ್ತದೆ. ಹಾಗೆಂದು ಹಿತ್ತಾಳೆ ಬಣ್ಣದ ಚುಕ್ಕೆ ಕಂಡ ಕಲ್ಲನ್ನೆಲ್ಲ ದೂರವಿಡಬೇಕಿಲ್ಲ. ಸ್ಕಾಟ್ಲೆಂಡಿನ ಬ್ಯಾಲಹೂಲಿಶ್ ಸ್ಲೇಟಿನ ತುಂಬ ಪೈರೈಟ್ ಘನಗಳಿವೆ. ಆದರೂ ಅದು ಆ ದೇಶದ ಮಳೆಯಲ್ಲಿ ಛಾವಣಿಗಳ ಮೇಲೆ ತಲೆಮಾರುಗಟ್ಟಲೆ ಬಾಳಿದೆ. ಅಂಚು ಚೂಪಾಗಿ ಚೆನ್ನಾಗಿ ಬೆಳೆದ ಹರಳುಗಳು ಬಹುಮಟ್ಟಿಗೆ ಸುಮ್ಮನಿರುತ್ತವೆ. ಪುಡಿಪುಡಿಯಾಗಿ, ಗೆರೆಗೆರೆಯಾಗಿ ಹರಡಿದ ಸಲ್ಫೈಡೇ ಕೇಡು ಮಾಡುವುದು.

ಕಲ್ಲು ಕೊಂಡ ಕೂಡಲೇ ನಾಲ್ಕೈದು ತುಣುಕನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ, ಹಗಲು ಬಿಸಿಲಲ್ಲಿ ಒಣಗಿಸಿ, ಹತ್ತು ದಿನ ಹೀಗೇ ಮಾಡಿ. ಕಂದು ಬಣ್ಣ ಹರಿದರೆ ಆ ಕಲ್ಲು ಮನೆಯೊಳಗಿನ ಒಣ ಗೋಡೆಗಷ್ಟೇ. ಈಗ ಫಲಕದಲ್ಲಿ ಕಲೆ ಬಿಟ್ಟಿರುವ ತುಣುಕುಗಳನ್ನು ಉಳಿಯಿಂದ ಒಡೆದು ತೆಗೆದು ಬೇರೆ ಕೂರಿಸಿ. ಮೇಲಿನ ಕಲೆ ತೊಳೆದರೂ ಅದರ ಮೂಲ ಒಳಗೇ ಇದೆ. ಆಸಿಡ್ ಹಾಕಿದರೆ ಅದು ಇನ್ನಷ್ಟು ಕೆರಳುತ್ತದೆ, ಸಿಮೆಂಟೂ ಸವೆಯುತ್ತದೆ.

ಪ್ರಶ್ನೆ: ಗ್ರೌಟ್ ಹಾಕಿದ ಮೇಲೆ ಸ್ಲೇಟು ಮಬ್ಬಾಗಿದೆ. ಕೊಬ್ಬರಿ ಎಣ್ಣೆ ಒರೆಸಿದರೆ ಕಪ್ಪಗಾಗುತ್ತದೆ ಎನ್ನುತ್ತಾರೆ.

ಆಗುತ್ತದೆ, ಧೂಳು ಕೂರುವವರೆಗೆ. ಅಗಸೆ ಎಣ್ಣೆ ಇನ್ನೂ ಕಷ್ಟ, ಅಂಟಂಟಾಗಿ ಹಳದಿಗೆ ತಿರುಗುತ್ತದೆ. ಸೀಳಿದ ಮುಖದ ಸಣ್ಣ ಗುಳಿಗಳಲ್ಲಿ ಗ್ರೌಟ್ ಕೂತರೆ ತೆಗೆಯುವುದು ಬಲು ಕಷ್ಟ. ಆದ್ದರಿಂದ ಗ್ರೌಟಿಗೆ ಮುಂಚೆಯೇ ಕಲ್ಲಿನೊಳಗೆ ಇಳಿದು ನೀರು, ಕಲೆ ತಡೆಯುವ ಸೀಲರನ್ನು ಸಣ್ಣ ಕುಂಚದಿಂದ ಮುಖಕ್ಕಷ್ಟೇ ಹಚ್ಚಿ, ಸಂದಿಗೆ ಹರಿಯದಂತೆ ನೋಡಿಕೊಳ್ಳಿ. ಹತ್ತು ನಿಮಿಷದಲ್ಲಿ ಹೆಚ್ಚಾದದ್ದನ್ನು ಒರೆಸಿಬಿಡಿ. ಒದ್ದೆ ಕಲ್ಲಿನ ಗಾಢ ಬಣ್ಣವೇ ಬೇಕೆಂದರೆ ಬಣ್ಣ ಎತ್ತಿ ತೋರಿಸುವ ಸೀಲರ್ ಸಿಗುತ್ತದೆ. ಹೊಳೆಯುವ ಅಕ್ರಿಲಿಕ್ ವಾರ್ನಿಶ್ ಬಯಲಿನ ಕೆಲಸಕ್ಕೆ ಬೇಡವೇ ಬೇಡ. ಒಳಗಿನ ತೇವ ಸಿಕ್ಕಿಕೊಂಡು ಬೆಳ್ಳಗೆ ಮೋಡ ಕಟ್ಟುತ್ತದೆ.

ಪ್ರಶ್ನೆ: ಬಾಲ್ಕನಿಯಲ್ಲಿ ಕತ್ತರಿಸುತ್ತೇನೆ, ಬಟ್ಟೆ ಮಾಸ್ಕ್ ಸಾಕಲ್ಲವೆ?

ಸಾಲದು. ಸ್ಲೇಟಿನಲ್ಲಿ ಸಾಮಾನ್ಯವಾಗಿ ಶೇ 20ರಿಂದ 40ರಷ್ಟು ಹರಳುರೂಪದ ಸಿಲಿಕಾ ಇರುತ್ತದೆ. ಅದರ ಅತಿ ಸಣ್ಣ ಧೂಳು ಬಟ್ಟೆಯನ್ನು ದಾಟಿ ಶ್ವಾಸಕೋಶದ ತಳ ಸೇರಿ ಸಿಲಿಕೋಸಿಸ್ ತರುತ್ತದೆ, ಅದಕ್ಕೆ ಗುಣವಿಲ್ಲ. ಮಧ್ಯಪ್ರದೇಶದ ಮಂದಸೌರ್‌ನಲ್ಲಿ ಪಾಟಿಯ ಮೇಲೆ ಬರೆಯುವ ಕಡ್ಡಿಗಳನ್ನು ಯಂತ್ರದಲ್ಲಿ ಕೊಯ್ಯುತ್ತಿದ್ದ ಕೂಲಿಗಳು ಈ ಕಾಯಿಲೆಗೆ ಎಳೆಯ ವಯಸ್ಸಿನಲ್ಲೇ ಬಲಿಯಾದದ್ದು ದಾಖಲಾದ ಸಂಗತಿ. ನಮ್ಮ ಮಕ್ಕಳ ಅಕ್ಷರಾಭ್ಯಾಸಕ್ಕೆ ಅವರು ಕೊಟ್ಟ ಬೆಲೆ ಅದು.

ಸುತ್ತಿಗೆ, ನಿಪ್ಪರ್ ಕೆಲಸಕ್ಕೆ ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಮಾಸ್ಕ್, ಕಣ್ಣಿಗೆ ಕನ್ನಡಕ. ಗಡ್ಡವಿದ್ದರೆ ಮಾಸ್ಕ್ ಸರಿಯಾಗಿ ಕೂರುವುದಿಲ್ಲ. ಕಲ್ಲನ್ನು ಆಗಾಗ ಒದ್ದೆ ಮಾಡುತ್ತಿರಿ. ಗ್ರೈಂಡರ್‌ನಲ್ಲಿ ಒಣದಾಗಿ ಕೊಯ್ಯುವುದನ್ನು ಮನೆಯಲ್ಲಿ ಮಾಡಲೇಬೇಡಿ. ನೀರು ಹಾಯುವ ಟೈಲ್ ಗರಗಸ, ಅಂಚು ಸೀಳಿಲ್ಲದ ವಜ್ರದ ಬ್ಲೇಡು ಬಳಸಿ. ಪೊರಕೆ ಹಿಡಿಯಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಕೆಲಸದ ಅಂಗಿಯನ್ನು ಕೊಡವದೆ ಬೇರೆಯಾಗಿ ನೆನೆಹಾಕಿ. ಗರಗಸದ ಕೆಸರು ನೀರನ್ನು ಚರಂಡಿಗೆ ಸುರಿಯಬೇಡಿ: ಬಕೆಟ್ಟಿನಲ್ಲಿ ಒಂದು ರಾತ್ರಿ ಬಿಟ್ಟು ಮೇಲಿನ ತಿಳಿ ಬಗ್ಗಿಸಿ, ತಳದ ಕೆಸರನ್ನು ಒಣಗುವ ಮುನ್ನವೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಕಟ್ಟಡ ತ್ಯಾಜ್ಯದ ಜೊತೆ ಕೊಡಿ.